ಬಿಸಿನೀರು ಮಾಳಿಗೆ ಮೇಲಿದೆ, ಶವರಿಗೆ ಬರುತ್ತಿಲ್ಲ

ಬಳ್ಳಾರಿಯಲ್ಲಿ ಬಿಸಿನೀರಿನ ಸಮಸ್ಯೆ ಎಂದರೆ ಯಾರೂ ನಂಬುವುದಿಲ್ಲ. ಏಪ್ರಿಲ್‌ನಲ್ಲಿ ತಣ್ಣೀರಿನ ನಳ ತಿರುಗಿಸಿದರೂ ಕೈ ಸುಡುವ ಊರು ಅದು. ಆದರೂ ಡಿಸೆಂಬರ್ ಬಂತೆಂದರೆ ಗಾಂಧಿನಗರದ ನಮ್ಮ ಮನೆಯಿಂದ ಇದೇ ದೂರು. ಸೋಲಾರ್ ಇದೆ, ನೀರು ಕಾದಿದೆ, ಶವರ್ ಮಾತ್ರ ಸರಿ ಇಲ್ಲ. ತಮ್ಮ ಈಗ ದೊಡ್ಡ ಗೀಸರ್ ಹಾಕಿಸುತ್ತೇನೆ, ಜೊತೆಗೆ ಪ್ರೆಶರ್ ಪಂಪೂ ಬೇಕು ಎನ್ನುತ್ತಿದ್ದಾನೆ. ಎರಡೂ ಬೇಡ ಎನ್ನುವುದು ನನ್ನ ವಾದ. ಫೋನಿನಲ್ಲಿ ಈ ವಾದ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ದಕ್ಷಿಣ ಲಂಡನ್‌ನ ಕ್ರಾಯ್ಡನ್‌ನಲ್ಲಿ. ಇಲ್ಲಿ ಮನೆ ಬೆಚ್ಚಗಿಡುವ ಬಾಯ್ಲರೇ ಸ್ನಾನದ ನೀರನ್ನೂ ಕಾಯಿಸುತ್ತದೆ. ಕಾಂಬಿ ಬಾಯ್ಲರ್ ಅಂತಾರೆ. ಅಡುಗೆಮನೆ ಗೋಡೆಗೆ ತೂಗುಹಾಕಿದ ಒಂದು ಪೆಟ್ಟಿಗೆ, ಅಷ್ಟೇ. ಬಿಸಿನೀರು ಕೂಡಿಡುವ ಟ್ಯಾಂಕ್ ಇಲ್ಲ. ನಳ ತೆರೆದ ಕೂಡಲೇ ಗ್ಯಾಸ್ ಹೊತ್ತಿಕೊಂಡು, ಹರಿಯುವ ನೀರನ್ನು ಹರಿಯುತ್ತಿರುವಾಗಲೇ ಕಾಯಿಸುತ್ತದೆ. ಆ ಹೊತ್ತಿಗೆ ಕೋಣೆಗಳ ರೇಡಿಯೇಟರಿಗೆ ಶಾಖ ಹೋಗುವುದು ನಿಲ್ಲುತ್ತದೆ. ಎಲ್ಲವೂ ಸ್ನಾನಕ್ಕೆ. ಬೀದಿಯ ಪೈಪಿನ ಒತ್ತಡ ನೇರವಾಗಿ ಸಿಗುವುದರಿಂದ ಶವರ್ ಜೋರಾಗಿಯೇ ಬರುತ್ತದೆ.

ಇದನ್ನು ನೋಡಿದ ನಮ್ಮವರು ಮರುಳಾಗುತ್ತಾರೆ. ಊರಿಗೂ ಇಂಥದ್ದೇ ಬೇಕು ಎನ್ನುತ್ತಾರೆ. ಆದರೆ ಲೆಕ್ಕ ಬೇರೆ ಇದೆ. 24 ಕಿಲೋವ್ಯಾಟ್‌ನ ಕಾಂಬಿ, ನೀರನ್ನು 35 ಡಿಗ್ರಿ ಏರಿಸಿ ಕೊಡುವುದು ನಿಮಿಷಕ್ಕೆ ಸುಮಾರು 10 ಲೀಟರ್. ಒಬ್ಬರ ಸ್ನಾನಕ್ಕೆ ಸಾಕು. ಚಳಿಗಾಲದಲ್ಲಿ ನಲ್ಲಿಗೆ ಬರುವ ನೀರೇ 7 ಡಿಗ್ರಿ ಇರುವಾಗ ಇಬ್ಬರು ಎರಡು ಬಚ್ಚಲಲ್ಲಿ ನಿಂತರೆ ಇಬ್ಬರಿಗೂ ಅರ್ಧ ಸ್ನಾನ. ಇನ್ನು ನಮ್ಮೂರಿನ 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ ನೋಡಿ. 20 ಡಿಗ್ರಿ ಏರಿಸಬೇಕೆಂದರೆ ನಿಮಿಷಕ್ಕೆ ಎರಡು ಲೀಟರ್‌ಗಿಂತ ತುಸು ಜಾಸ್ತಿ, ಅಷ್ಟೇ. ಅದು ಪಾತ್ರೆ ತೊಳೆಯೋಕೆ ಸರಿ. ಶವರಿಗೆ ಅಲ್ಲ. ಕಾಂಬಿಯಂತೆಯೇ ಕೆಲಸ ಮಾಡುವ ಗ್ಯಾಸ್ ಗೀಸರ್ ಇದೆಯಲ್ಲ ಎನ್ನಬಹುದು. ಗಾಳಿಯಾಡದ ಬಚ್ಚಲಲ್ಲಿ ಅದನ್ನು ಹಾಕಿಸಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಲಿಯಾದವರಿದ್ದಾರೆ. ಇಲ್ಲಿನ ಬಾಯ್ಲರಿನ ಹೊಗೆ ಪೈಪಿನಲ್ಲಿ ಗೋಡೆಯ ಆಚೆಗೇ ಹೋಗುತ್ತದೆ.

ಇಂಗ್ಲೆಂಡಿನ ಹಳೇ ಮನೆಗಳಲ್ಲಿ ಮೊದಲು ಇದ್ದದ್ದು ನಮ್ಮದೇ ಪದ್ಧತಿ. ಅಟ್ಟದ ಮೇಲೆ ತಣ್ಣೀರಿನ ಟ್ಯಾಂಕ್, ಕೆಳಗೆ ಒಂದು ಬೀರುವಿನಲ್ಲಿ ತಾಮ್ರದ ಬಿಸಿನೀರಿನ ಸಿಲಿಂಡರ್. ಶವರ್ ಜಿನುಗುತ್ತಿತ್ತು. ಕಾಂಬಿ ಜನಪ್ರಿಯವಾಗಲು ಇದೂ ಒಂದು ಕಾರಣ. ಈಗ ಗಾಳಿ ತಿರುಗಿದೆ. ಗ್ಯಾಸ್ ಬಿಟ್ಟು ಹೀಟ್ ಪಂಪ್ ಹಾಕಿಸಿದರೆ ಸರ್ಕಾರ 2023ರ ಅಕ್ಟೋಬರ್‌ನಿಂದ 7,500 ಪೌಂಡ್ ಕೊಡುತ್ತಿದೆ. ಹೀಟ್ ಪಂಪ್ ಎಂದರೆ ಹೊರಗಿನ ಗಾಳಿಯ ಅಥವಾ ನೆಲದ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ಎಳೆದು ತರುವ ಯಂತ್ರ, ನಿಧಾನದ ಯಂತ್ರ. ಹರಿಯುವ ನೀರನ್ನು ತಕ್ಷಣ ಕಾಯಿಸಲು ಆಗುವುದಿಲ್ಲ, ಕೂಡಿಡಲೇಬೇಕು. ಹಾಗಾಗಿ ಕಿತ್ತು ಬಿಸಾಡಿದ ಸಿಲಿಂಡರ್ ಮತ್ತೆ ಮನೆಯೊಳಗೆ ಬರುತ್ತಿದೆ. ನಾವು ಮಾತ್ರ ಕೈಲಿರುವ ಟ್ಯಾಂಕ್ ಬಿಟ್ಟು ಗೀಸರ್ ಹಿಂದೆ ಹೋಗಬೇಕಾ?

ಬಳ್ಳಾರಿಯ ಲೆಕ್ಕ ಹಾಕಿ ನೋಡೋಣ. ಮಾಳಿಗೆ ಮೇಲೆ 200 ಲೀಟರ್ ಸೋಲಾರ್. ಚಳಿಗಾಲದ ಬೆಳಿಗ್ಗೆ ಅದರಲ್ಲಿ 55 ಡಿಗ್ರಿ ನೀರು ಉಳಿದಿದೆ, ಸಿಂಟೆಕ್ಸ್‌ನ ತಣ್ಣೀರು 22 ಡಿಗ್ರಿ ಇದೆ ಎನ್ನೋಣ. ಎರಡನ್ನೂ ಬೆರೆಸಿ 40 ಡಿಗ್ರಿಗೆ ತಂದರೆ 360 ಲೀಟರ್ ಸ್ನಾನದ ನೀರು ಸಿಗುತ್ತದೆ. ಅದೇ ಟ್ಯಾಂಕ್, ಅದೇ 55 ಡಿಗ್ರಿ, ಆದರೆ ಕ್ರಾಯ್ಡನ್‌ನ 7 ಡಿಗ್ರಿ ತಣ್ಣೀರು ಬೆರೆಸಿದರೆ ಸಿಗುವುದು 290 ಲೀಟರ್. ನಮ್ಮ ತಣ್ಣೀರೇ ನಮಗೆ ಅರ್ಧ ಕೆಲಸ ಮಾಡಿಕೊಡುತ್ತದೆ. ಐದು ಜನರ ಮನೆಗೆ ಇದು ಧಾರಾಳ. ಇಷ್ಟಿದ್ದೂ ಗೀಸರ್ ಹಾಕುವುದೆಂದರೆ, ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡಿ, ತಂತಿಯಲ್ಲಿ ತಂದು, ಬಿಸಿಲು ಸುರಿಯುವ ಮನೆಯಲ್ಲಿ ನೀರು ಕಾಯಿಸಿದ ಹಾಗೆ.

ಹಾಗಾದರೆ ನೀರು ಎಲ್ಲಿ ಹೋಗುತ್ತಿದೆ? ಪೈಪಿನಲ್ಲಿ.

ನಮ್ಮ ಸೋಲಾರ್ ಇರುವುದು ಎರಡಂತಸ್ತಿನ ಮೇಲೆ, ಮುಂಭಾಗದಲ್ಲಿ. ಕೆಳಗಿನ ಬಚ್ಚಲು ಹಿಂಭಾಗದಲ್ಲಿ. ನಡುವೆ ಸುಮಾರು 20 ಮೀಟರ್ ಒಂದಿಂಚು ಪೈಪ್, ಹೊರಗೋಡೆಗೆ ಅಂಟಿಕೊಂಡು ಬಂದಿದೆ. ಒಂದಿಂಚಿನ ಪೈಪಿನಲ್ಲಿ ಮೀಟರಿಗೆ 400 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ನಿಂತಿರುತ್ತದೆ. ಅಂದರೆ 8 ಲೀಟರ್ ತಣ್ಣೀರು ಹೋದ ಮೇಲೇ ಬಿಸಿ ಬರಬೇಕು. ಒಬ್ಬರು ಸ್ನಾನ ಮುಗಿಸಿ ಇನ್ನೊಬ್ಬರು ಒಂದು ತಾಸು ಬಿಟ್ಟು ಹೋದರೆ ಮತ್ತೆ ಅದೇ ಕಥೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಲ್ಲಿ ಇದು ಎಂಥ ದಂಡ! ಮುಕ್ಕಾಲು ಇಂಚಿನ ಪೈಪಾಗಿದ್ದರೆ 5 ಲೀಟರ್, ಅರ್ಧ ಇಂಚಾದರೆ ಎರಡೂವರೆ. ಹಾಗಂತ ಎಲ್ಲ ಕಡೆ ಅರ್ಧ ಇಂಚು ಹಾಕಿಬಿಟ್ಟರೆ ನೀರಿನ ವೇಗ ಸಾಯುತ್ತದೆ. ಮೇಲಿಂದ ಇಳಿಯುವ ಪೈಪ್ ಮುಕ್ಕಾಲು ಇಂಚು, ಅಲ್ಲಿಂದ ಬಚ್ಚಲಿಗೆ ಹೋಗುವ ಚಿಕ್ಕ ತುಂಡು ಮಾತ್ರ ಅರ್ಧ ಇಂಚು, ಇದು ನನಗೆ ಸರಿ ಅನಿಸುತ್ತದೆ. ಹೊಸದಾಗಿ ಕಟ್ಟಿಸುವವರು ಬಚ್ಚಲುಗಳನ್ನು ಒಂದರ ಮೇಲೊಂದು ಬರುವ ಹಾಗೆ, ಸೋಲಾರನ್ನು ಅದರ ನೇರಕ್ಕೇ ಇಡಿಸಿದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ವಾಸ್ತುವಿಗೆ ಇಷ್ಟು ದುಡ್ಡು ಸುರಿಯುತ್ತೇವೆ, ಪ್ಲಂಬರ್ ಜೊತೆ ಹತ್ತು ನಿಮಿಷ ಕೂರಲ್ಲ.

ಕಟ್ಟಿ ಆಗಿರುವವರಿಗೆ ಇರುವುದು ಹೊದಿಕೆ. ಪೈಪಿಗೆ ಸುತ್ತುವ ಕರಿ ಫೋಮ್ ಸಿಗುತ್ತದೆ. ಆದರೆ ಬಳ್ಳಾರಿ ಬಿಸಿಲಿಗೆ ಅದು ಪುಡಿಪುಡಿಯಾಗುತ್ತದೆ, ಮೇಲೆ ಅಲ್ಯೂಮಿನಿಯಂ ಪಟ್ಟಿ ಬೇಕೇ ಬೇಕು. ಈಗಾಗಲೇ ಬಚ್ಚಲಲ್ಲಿ 15 ಲೀಟರ್ ಗೀಸರ್ ಇದ್ದರೆ, ಸೋಲಾರಿನ ಪೈಪನ್ನು ಅದರೊಳಗೇ ಹಾಯಿಸಬಹುದು. ಮೊದಲ ನೀರು ಗೀಸರಿನದ್ದು, ಅಷ್ಟರಲ್ಲಿ ಸೋಲಾರಿನದ್ದು ಬಂದು ಸೇರುತ್ತದೆ, ಥರ್ಮೋಸ್ಟ್ಯಾಟ್ ಕರೆಂಟ್ ಆಫ್ ಮಾಡುತ್ತದೆ. ಬಿಸಿನೀರು ಒಳಗೆ ಬಿಡಲು ಆ ಗೀಸರಿಗೆ ಅನುಮತಿ ಇದೆಯಾ ಎಂದು ಕಂಪನಿಯವರನ್ನು ಕೇಳಿಕೊಳ್ಳಬೇಕು, ಅಷ್ಟೇ.

ಇನ್ನು ಒತ್ತಡ. 10 ಮೀಟರ್ ಎತ್ತರದಿಂದ ನೀರು ಇಳಿದರೆ ಒಂದು ಬಾರ್ ಒತ್ತಡ. ಮೇಲಿನ ಬಚ್ಚಲಿನ ಶವರಿಗೂ ಟ್ಯಾಂಕಿಗೂ ನಡುವೆ ಇರುವುದು ಮೂರೇ ಮೀಟರ್, ಅಂದರೆ 0.3 ಬಾರ್. ಕೆಳಗಿನವರಿಗೆ ಕಾಯುವ ಕಷ್ಟ, ಮೇಲಿನವರಿಗೆ ಜಿನುಗುವ ಕಷ್ಟ. ತಮ್ಮ ತಂದಿರುವ ತಟ್ಟೆಯಗಲದ ರೇನ್ ಶವರ್ ಒಂದು ಬಾರ್‌ಗಿಂತ ಮೇಲೆ ಮಾತ್ರ ಚೆನ್ನಾಗಿ ಸುರಿಯುವಂಥದ್ದು. ಅದಕ್ಕೆ ಬದಲು ಕಡಿಮೆ ಒತ್ತಡಕ್ಕೆ ಎಂದೇ ಮಾಡಿದ ಸಾದಾ ಶವರ್ ಹಾಕಿ, ಟ್ಯಾಂಕುಗಳ ಸ್ಟ್ಯಾಂಡನ್ನು ಒಂದೂವರೆ ಮೀಟರ್ ಎತ್ತರಿಸಿದರೆ ಒತ್ತಡ ಅರ್ಧಕ್ಕರ್ಧ ಹೆಚ್ಚುತ್ತದೆ. ಪಂಪ್ ಬೇಕೇ ಬೇಕು ಎಂದರೆ ಎರಡೂ ಪೈಪಿಗೆ ಹಾಕಿ. ತಣ್ಣೀರಿಗೆ ಮಾತ್ರ ಹಾಕಿದರೆ, ಎರಡೂ ಬೆರೆಯುವ ಮಿಕ್ಸರ್ ನಳದೊಳಗೆ ತಣ್ಣೀರು ಬಿಸಿನೀರನ್ನು ವಾಪಸ್ ಮೇಲಕ್ಕೆ ತಳ್ಳುತ್ತದೆ. ಬೀದಿಗೆ ಎರಡು ಮನೆಯಲ್ಲಿ ಈ ಕಥೆ ಇದೆ. ಎಲ್ಲರೂ ಬಯ್ಯುವುದು ಸೋಲಾರನ್ನು!

ಅಮ್ಮನಿಗೆ ಇದ್ಯಾವುದೂ ತಟ್ಟಿಲ್ಲ. ಅವರದು ಬಕೆಟ್ ಜಳಕ. ಕೈ ಅದ್ದಿ ನೋಡಿ ಬೆರೆಸಿಕೊಂಡರೆ ಒತ್ತಡದ ಮಾತೇ ಇಲ್ಲ, 20 ಲೀಟರಿಗೆ ಸ್ನಾನ ಮುಗಿಯುತ್ತದೆ. ಹಿಂದೆ ಬಳ್ಳಾರಿ ಜಾಲಿ ಕಟ್ಟಿಗೆ ಉರಿಸಿ ಹಂಡೆ ಕಾಯಿಸುತ್ತಿದ್ದವರು. ಹೊಗೆ ತಪ್ಪಿತಲ್ಲ, ಅಷ್ಟು ಸಾಕು ಎನ್ನುತ್ತಾರೆ.

ಇಲ್ಲಿಂದ ನಾವು ಕಲಿಯಬೇಕಾದ್ದು ಒಂದಿದೆ, ಅದು ಬಾಯ್ಲರ್ ಅಲ್ಲ. ಇಂಗ್ಲೆಂಡಿನಲ್ಲಿ 2010ರಿಂದ ಹೊಸ ಮನೆಗಳಲ್ಲಿ ಸ್ನಾನದ ತೊಟ್ಟಿಗೆ ಬರುವ ನೀರು 48 ಡಿಗ್ರಿ ದಾಟುವಂತಿಲ್ಲ. ಅದಕ್ಕೊಂದು ಥರ್ಮೋಸ್ಟ್ಯಾಟಿಕ್ ವಾಲ್ವ್ ಇರುತ್ತದೆ, ತಣ್ಣೀರು ಬೆರೆಸಿ ಬಿಸಿಯನ್ನು ಮಿತಿಯಲ್ಲಿಡುವುದು ಅದರ ಕೆಲಸ. ನಮ್ಮಲ್ಲಿ ಬೇಸಿಗೆಯ ಸಂಜೆ ಸೋಲಾರ್ ನೀರು 70 ದಾಟುತ್ತದೆ, ಮಕ್ಕಳು ಅದೇ ನಳ ತಿರುಗಿಸುತ್ತಾರೆ. ಟ್ಯಾಂಕಿನ ಬಿಸಿ ಕಡಿಮೆ ಮಾಡುವುದು ಇದಕ್ಕೆ ದಾರಿಯಲ್ಲ. ಉಗುರುಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದಕ್ಕೇ ಇಲ್ಲಿ ಸಿಲಿಂಡರನ್ನು 60 ಡಿಗ್ರಿಯಲ್ಲಿಡುತ್ತಾರೆ. ಬಿಸಿ ಮೇಲಿರಲಿ, ಬೆರೆಸುವುದು ಬಚ್ಚಲಲ್ಲಿ ಆಗಲಿ. ಬೋರ್ ನೀರಿನ ಮನೆಯಾದರೆ ಆ ವಾಲ್ವಿಗೆ ಸುಣ್ಣ ಕಟ್ಟುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಲಂಡನ್‌ನ ನೀರೂ ಗಡಸೇ, ಇಲ್ಲಿಯೂ ಅದೇ ಗೋಳು.

ತಮ್ಮ ಪೈಪಿಗೆ ಹೊದಿಕೆ ಹಾಕಿಸಲು ಒಪ್ಪಿದ್ದಾನೆ. ಗೀಸರ್ ಸದ್ಯಕ್ಕೆ ಬೇಡವಂತೆ. ರೇನ್ ಶವರ್ ವಾಪಸ್ ಕೊಡಲು ಮಾತ್ರ ಒಪ್ಪುತ್ತಿಲ್ಲ, ಮಳೆ ಬಾರದ ಊರಲ್ಲಿ ಅದಾದರೂ ಇರಲಿ ಅಂತಾನೆ. ಪಂಪಿನ ಜಗಳ ಸಂಕ್ರಾಂತಿಗೆ ಊರಿಗೆ ಹೋದಾಗ ಮಾಡುವುದಿದೆ.