ಹಳೆಯ ಹಾಟ್ ಹ್ಯಾಚ್: ಮೊದಲ ಪ್ರಾಜೆಕ್ಟ್ ಕಾರಿಗೆ ತಕ್ಕದ್ದೇ?

ಪರ: ಆಸೆ ಇಲ್ಲದ ಕಡೆ ಕೈ ಓಡುವುದಿಲ್ಲ

ಬಿಚ್ಚಿ ಜೋಡಿಸುತ್ತ ಕೆಲಸ ಕಲಿಯಲೆಂದು ಕೊಳ್ಳುವ ಮೊದಲ ಕಾರಿಗೆ ಹಳೆಯ ಹಾಟ್ ಹ್ಯಾಚ್, ಅಂದರೆ ಹಿಂಬಾಗಿಲಿರುವ ಸಣ್ಣ ಕಾರಿನ ವೇಗದ ಮಾದರಿ, ತಕ್ಕದ್ದು ಎಂದು ಪರವಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ಮಾತಿನಲ್ಲಿ ನನಗೆ ನೂರಕ್ಕೆ ನೂರು ನಂಬಿಕೆ ಇದೆಯೇ ಎಂದು ಕೇಳಿದರೆ, ಅರವತ್ತು ಎನ್ನುತ್ತೇನೆ. ಆ ಅರವತ್ತರ ಬಲದ ಮೇಲೆ ಬರೆಯುತ್ತಿದ್ದೇನೆ.

ಈ ಜಾತಿಯ ಕಾರು ಹುಟ್ಟಿದ ಬಗೆಯಲ್ಲೇ ನನ್ನ ವಾದವಿದೆ. ಫೋಕ್ಸ್‌ವ್ಯಾಗನ್ ಕಂಪನಿ 1975ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಗಾಲ್ಫ್ ಜಿಟಿಐಯನ್ನು ತೋರಿಸಿ, ಮರುವರ್ಷ ಮಾರಾಟಕ್ಕೆ ತಂದಿತು. 1.6 ಲೀಟರಿನ ಎಂಜಿನ್, 110 ಅಶ್ವಶಕ್ತಿ, ಎಂಟುನೂರು ಕಿಲೋ ಚಿಲ್ಲರೆ ತೂಕ. ಐದು ಸಾವಿರ ಕಾರು ಮಾಡಿದರೆ ಸಾಕೆಂದು ಹೊರಟಿದ್ದರು. ಮೊದಲ ತಲೆಮಾರಿನದೇ ನಾಲ್ಕೂವರೆ ಲಕ್ಷ ದಾಟಿತು. 1984ರಲ್ಲಿ ಪ್ಯೂಜೊ 205 ಜಿಟಿಐ ಬಂತು. ಎರಡರಲ್ಲೂ ನಡೆದದ್ದು ಒಂದೇ. ಮನೆಮಂದಿಗೆಂದು ಮಾಡಿದ ಸಾದಾ ಸಣ್ಣ ಕಾರಿಗೆ ಶಕ್ತಿವಂತ ಎಂಜಿನ್, ಬಿಗಿಯಾದ ಸ್ಪ್ರಿಂಗು, ಮೇಲ್ಮಟ್ಟದ ಬ್ರೇಕು ಹಾಕಿದರು. ಅದಕ್ಕೆಂದೇ ಬೇರೆ ಕಾರನ್ನು ಸೃಷ್ಟಿಸಲಿಲ್ಲ.

ಕಲಿಯುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಸಾದಾ ಕಾರಿನ ಬಾಗಿಲು, ಗಾಜು, ಹೀಟರು, ಸ್ವಿಚ್ಚು, ಚಕ್ರದ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ಷುಗಳಲ್ಲಿ ಬಹಳಷ್ಟು ಇದಕ್ಕೂ ಒಗ್ಗುತ್ತವೆ. ಅಪರೂಪದ ಸ್ಪೋರ್ಟ್ಸ್ ಕಾರು ಕೊಂಡವರು ಒಂದು ರಬ್ಬರ್ ಪಟ್ಟಿಗಾಗಿ ಊರೂರು ಅಲೆಯುತ್ತಾರೆ. ಲಕ್ಷಗಟ್ಟಲೆ ತಯಾರಾದ ಕಾರಿನವರಿಗೆ ಆ ಪಾಡಿಲ್ಲ. ಯಾವ ಬೋಲ್ಟು ಎಷ್ಟು ಬಿಗಿಯಬೇಕು ಎಂಬುದರವರೆಗೆ ಎಲ್ಲವನ್ನೂ ಯಾರೋ ಆಗಲೇ ಬರೆದಿಟ್ಟಿರುತ್ತಾರೆ. ಬಿಡಿಭಾಗದ ವಿಷಯವನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ ಎನಿಸಿದರೆ ಎನಿಸಲಿ. ಮೊದಲ ಪ್ರಾಜೆಕ್ಟುಗಳು ಅರ್ಧಕ್ಕೆ ನಿಲ್ಲಲು ಬಿಡಿಭಾಗ ಸಿಗದಿರುವುದು ದೊಡ್ಡ ಕಾರಣ.

ಇನ್ನೊಂದು ಕಾರಣ ಬೇಸರ. ಎದುರು ಪಕ್ಷದ ಹಿರಿಯರು ಸಾಮಾನ್ಯವಾಗಿ ಕೊಡುವ ಸಲಹೆ ನಿಮಗೆ ಗೊತ್ತೇ ಇದೆ: ಯಾರೂ ತಿರುಗಿ ನೋಡದ, ಬೂದು ಬಣ್ಣದ, ನಿವೃತ್ತರು ಓಡಿಸಿದ ಸೆಡಾನ್ ಒಂದನ್ನು ತೆಗೆದುಕೊಂಡು ಅದರ ಮೇಲೆ ಕೈ ಪಳಗಿಸಿಕೊಳ್ಳಿ. ಪಳಗಿಸಿಕೊಳ್ಳಬಹುದು, ಆದರೆ ಬೆಳಗ್ಗೆ ಎದ್ದು ಆ ಕಾರಿನ ಕೆಳಗೆ ನುಸುಳಬೇಕೆಂಬ ಆಸೆ ಯಾರಿಗೆ ಹುಟ್ಟುತ್ತದೆ? ಹಗುರವಾದ ಹಾಟ್ ಹ್ಯಾಚ್‌ನಲ್ಲಿ ಮಾಡಿದ ಪ್ರತಿಯೊಂದು ಕೆಲಸವೂ ಕೈಗೆ ತಿಳಿಯುತ್ತದೆ. ಸವೆದ ಬುಷ್ಷು ತೆಗೆದು ಹೊಸದು ಹಾಕಿ, ಮುಂದಿನ ತಿರುವಿನಲ್ಲೇ ಸ್ಟೀರಿಂಗ್ ಬೇರೆಯಾಗಿ ಮಾತನಾಡುತ್ತದೆ. ಒಳ್ಳೆಯ ಬ್ರೇಕ್ ಪ್ಯಾಡು ಹಾಕಿ, ಪೆಡಲಿನ ಮೇಲಿನ ಪಾದ ಅದನ್ನು ಕೂಡಲೇ ಗುರುತಿಸುತ್ತದೆ. ದುಡಿಮೆಗೆ ಅಂದೇ ಕೂಲಿ ಸಿಕ್ಕರೆ ಮರುದಿನವೂ ಕೆಲಸಕ್ಕೆ ಮನಸ್ಸಾಗುತ್ತದೆ.

ಹಿಂಬಾಗಿಲು ತೆರೆದು ಸೀಟು ಮಡಚಿದರೆ ಗೇರ್‌ಬಾಕ್ಸನ್ನೇ ಮಲಗಿಸಿಕೊಂಡು ಬರಬಹುದು. ತನ್ನ ಬದಲಿ ಗೇರ್‌ಬಾಕ್ಸನ್ನು ತಾನೇ ಹೊತ್ತು ತರುವ ಸ್ಪೋರ್ಟ್ಸ್ ಕಾರು ಬೇರೆ ಯಾವುದಿದೆ? (ಹಳೆಯದು ಪೂರ್ತಿ ಕೈಕೊಡುವ ಮೊದಲೇ ಹೋಗಿ ತರಬೇಕು, ಅಷ್ಟೆ.)

ತುಕ್ಕು ಎನ್ನುತ್ತಾರೆ. ಮೂವತ್ತು ವರ್ಷ ಮಳೆಯಲ್ಲಿ ನೆನೆದ ಯಾವ ಕಾರಿಗೆ ತುಕ್ಕಿಲ್ಲ? ಕೊಳ್ಳುವ ಮೊದಲು ಬಗ್ಗಿ ನೋಡಿದರಾಯಿತು. ಹಿಂದಿನ ಮಾಲೀಕರು ಮನಬಂದಂತೆ ಓಡಿಸಿರುತ್ತಾರೆ ಎಂಬ ಮಾತೂ ಇದೆ. ನಿಧಾನವಾಗಿ ಓಡಿಸಿದ ಕಾರುಗಳು ಕೆಡುವುದೇ ಇಲ್ಲವೇ?

ನನ್ನ ಉಳಿದ ನಲವತ್ತು ಪಾಲಿನ ಅನುಮಾನವೆಲ್ಲ 2000ದ ಈಚೆಯ ಟರ್ಬೊ ಕಾರುಗಳ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಕಾರುಗಳ ಮೇಲೆ. ಅವುಗಳ ಪರ ವಾದಿಸಲು ನನ್ನಿಂದಾಗದು. ಎರಡನೇ ತಲೆಮಾರಿನ ಗಾಲ್ಫ್ ಜಿಟಿಐಯ ಎಂಟು ವಾಲ್ವಿನ 1.8 ಲೀಟರಿನ ಮಾದರಿಯಂಥದ್ದು, ಟರ್ಬೊ ಇಲ್ಲದ್ದು, ಬಾನೆಟ್ ಎತ್ತಿದರೆ ಯಾವ ಕೊಳವೆ ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ಕಾಣುವಂಥದ್ದು ಸಿಕ್ಕರೆ ಕೊಳ್ಳಿ. ನಿತ್ಯದ ಓಡಾಟಕ್ಕೆ ಬೇರೆ ವಾಹನ ಇಟ್ಟುಕೊಳ್ಳಿ. ಸೋಮವಾರ ಕಚೇರಿಗೆ ಹೋಗಲೇಬೇಕಾದ ಕಾರನ್ನು ಭಾನುವಾರ ಬಿಚ್ಚುವಂತಿಲ್ಲ.

ವಿರೋಧ: ಬೇಡ, ಮೊದಲನೆಯದಾಗಿ ಬೇಡವೇ ಬೇಡ

ಹಾಟ್ ಹ್ಯಾಚ್ ಒಂದಕ್ಕೆ ಜತನದ ಮಾಲೀಕ ಸಿಗುವುದು ಒಂದೇ ಸಲ: ಶೋರೂಮಿನಿಂದ ತಂದವನು. ಆಮೇಲೆ ಬೆಲೆ ಇಳಿಯುತ್ತದೆ, ವೇಗ ಮಾತ್ರ ಹಾಗೇ ಉಳಿಯುತ್ತದೆ. ಕಡಿಮೆ ದುಡ್ಡಿಗೆ ಹೆಚ್ಚು ವೇಗ ಬೇಕೆನ್ನುವವರ ಕೈಯಿಂದ ಅಂಥವರದೇ ಕೈಗೆ ಅದು ದಾಟುತ್ತ ಹೋಗುತ್ತದೆ. ಆಯಿಲ್ ಬಿಸಿಯಾಗುವ ಮೊದಲೇ ಎಂಜಿನ್ನನ್ನು ಅದರ ಗರಿಷ್ಠ ಸುತ್ತಿನ ಕೆಂಪು ಗೆರೆಯವರೆಗೆ ಎಳೆಯುವವನೊಬ್ಬ, ಸ್ಪ್ರಿಂಗು ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸುವವನೊಬ್ಬ, ಟರ್ಬೊ ಒತ್ತಡ ಏರಿಸಿ ಒಂದು ವರ್ಷ ಮಜಾ ಮಾಡಿ, ಮಾರುವ ಹಿಂದಿನ ವಾರ ಎಲ್ಲವನ್ನೂ ಮೊದಲಿನಂತೆ ಜೋಡಿಸಿ 'ಏನೂ ಬದಲಾಯಿಸಿಲ್ಲ' ಎನ್ನುವವನೊಬ್ಬ. ಈ ಸಾಲಿನ ಕಟ್ಟಕಡೆಯಲ್ಲಿ ಹೊಸ ಸ್ಪಾನರ್ ಸೆಟ್ ಹಿಡಿದು ನಿಂತಿರುವವರು ನೀವು. ಕೆಲಸ ಬಲ್ಲವರು ನೋಡಿ ಬಿಟ್ಟುಹೋದ ಕಾರೇ ಕಲಿಯುವವರ ಕೈಗೆಟುಕುವ ಬೆಲೆಗೆ ಬರುವುದು.

ಪರ ವಾದಿಸಿದವರು ಬಿಡಿಭಾಗಗಳೆಲ್ಲ ಸಾದಾ ಕಾರಿನವೇ ಎಂದಿದ್ದಾರೆ. ಹೌದು, ಬಾಗಿಲ ಹಿಡಿ ಸಾದಾ ಕಾರಿನದೇ. ಕೆಡುವುದು ಬಾಗಿಲ ಹಿಡಿಯೇ? ಕೆಡುವುದೆಲ್ಲ ಆ ಕಾರಿಗೆಂದೇ ಮಾಡಿದ ಭಾಗ: ಅದರ ಬ್ರೇಕು, ಅದರ ಗೇರ್‌ಬಾಕ್ಸು, ಅದರ ಸಿಲಿಂಡರ್ ಹೆಡ್ಡು (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ). ಸೀಟಿನ ಬಟ್ಟೆ, ಬಂಪರಿನ ಅಂಚು, ಚಕ್ರದ ಮೇಲಿನ ಪ್ಲಾಸ್ಟಿಕ್ ಕಮಾನು ಕೂಡ ಬೇರೆ. ಸಂಗ್ರಹಕಾರರೂ ಅವುಗಳ ಹಿಂದೆ ಬಿದ್ದಿರುವುದರಿಂದ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಬಗ್ಗಿ ನೋಡಿದರಾಯಿತಂತೆ. ಅವರೇ ಹೊಗಳಿದ ಮೊದಲ ತಲೆಮಾರಿನ ಗಾಲ್ಫಿನಲ್ಲಿ ಪೆಟ್ರೋಲ್ ತುಂಬುವ ಕೊಳವೆಯ ಒಳಗೇ ತುಕ್ಕು ಹಿಡಿಯುತ್ತದೆ. ಪುಡಿ ಟ್ಯಾಂಕಿಗೆ ಇಳಿದು, ಅಲ್ಲಿಂದ ಬಾಷ್ ಕಂಪನಿಯ ಕೆ-ಜೆಟ್ರಾನಿಕ್ ಇಂಧನ ವ್ಯವಸ್ಥೆಯತ್ತ ಹೊರಡುತ್ತದೆ. ಪೂರ್ತಿ ಯಾಂತ್ರಿಕವಾದ, ಒತ್ತಡದ ಲೆಕ್ಕದಲ್ಲಿ ನಡೆಯುವ ವ್ಯವಸ್ಥೆ ಅದು. ಅದನ್ನು ಸರಿಯಾಗಿ ಹೊಂದಿಸಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಎಲ್ಲಿ ಬಗ್ಗಿ ನೋಡಿದರೆ ಆ ಕೊಳವೆಯ ಒಳಭಾಗ ಕಾಣುತ್ತದೆ? 205 ಜಿಟಿಐಯ ಹಿಂದಿನ ಆಕ್ಸಲ್ಲಿನ ಬೇರಿಂಗ್ ಸವೆದರೆ ಹಿಂಚಕ್ರಗಳು ಮೇಲ್ತುದಿಯಲ್ಲಿ ಒಳಕ್ಕೆ ವಾಲುತ್ತವೆ. ಅದು ಅಂಗಳದಲ್ಲಿ ಕುಳಿತು ಮುಗಿಸುವ ಕೆಲಸವಲ್ಲ. ಇನ್ನು ಆ ಕಾರಿನ ಪ್ರಸಿದ್ಧ ಗುಣ: ವೇಗದಲ್ಲಿ ತಿರುವಿಗೆ ನುಗ್ಗಿ, ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಬಾಲ ಹೊರಕ್ಕೆ ಜಾರುತ್ತದೆ. ಹೊಸಬರು ಹೆದರಿದಾಗ ಮಾಡುವುದು ಅದೊಂದನ್ನೇ.

ಟರ್ಬೊ ಕಾರುಗಳನ್ನು ಅವರೇ ಕೈಬಿಟ್ಟದ್ದು ಒಳ್ಳೆಯದಾಯಿತು. ಆದರೆ ಇಂದು ಕಡಿಮೆ ಬೆಲೆಗೆ ಸಿಗುವ ಹಳೆಯ ಹಾಟ್ ಹ್ಯಾಚ್‌ಗಳಲ್ಲಿ ಬಹಳಷ್ಟು ಅವೇ ತಾನೆ? ಎಂಬತ್ತರ ದಶಕದವು ಸಂಗ್ರಹಕಾರರ ಪಾಲಾಗಿ ಎಷ್ಟೋ ಕಾಲವಾಯಿತು. ಐದನೇ ತಲೆಮಾರಿನ ಗಾಲ್ಫ್ ಜಿಟಿಐಯನ್ನೇ ತೆಗೆದುಕೊಳ್ಳಿ, 200 ಅಶ್ವಶಕ್ತಿಯ ಎರಡು ಲೀಟರಿನ ಟರ್ಬೊ ಎಂಜಿನ್. ಅದರ ಅಧಿಕ ಒತ್ತಡದ ಇಂಧನ ಪಂಪನ್ನು, ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ನಡೆಸುತ್ತದೆ. ಎರಡರ ನಡುವೆ ಸಣ್ಣದೊಂದು ಲೋಹದ ಬಟ್ಟಲಿದೆ. ಕಾಲಕಾಲಕ್ಕೆ ಅದನ್ನು ತೆಗೆದು ನೋಡದಿದ್ದರೆ ಸವೆದು ತೂತಾಗುತ್ತದೆ, ಆಮೇಲೆ ಪಂಪಿನ ಕಡ್ಡಿಯೂ ಕ್ಯಾಮ್‌ಶಾಫ್ಟೂ ಒಂದನ್ನೊಂದು ತಿನ್ನುತ್ತವೆ. ಸಾಲದ್ದಕ್ಕೆ, ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ ಆದ್ದರಿಂದ ಇನ್‌ಟೇಕ್ ವಾಲ್ವುಗಳನ್ನು ಪೆಟ್ರೋಲ್ ತೊಳೆಯುವುದಿಲ್ಲ, ಅವುಗಳ ಮೇಲೆ ಮಸಿ ಕಟ್ಟುತ್ತ ಹೋಗುತ್ತದೆ. ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ತಾಳದಲ್ಲಿ ನಡೆಸುವ ಟೈಮಿಂಗ್ ಬೆಲ್ಟ್ ಹರಿಯಿತೆನ್ನಿ, ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಹೆಡ್ಡು ಬಿಚ್ಚುವ ಕೆಲಸ ಹುಟ್ಟುತ್ತದೆ. ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ನಾಲ್ಕನೆಯ ಮಾಲೀಕನನ್ನು ಕೇಳಿ ನೋಡಿ. 'ಮೊನ್ನೆ ಮೊನ್ನೆ' ಎನ್ನುತ್ತಾನೆ; ಆ ಮೊನ್ನೆಗೆ ರಸೀದಿ ಇರುವುದಿಲ್ಲ.

ನನ್ನ ಅಕ್ಕನ ಮಗ ಇಂಥದ್ದೊಂದನ್ನು ಕೊಂಡ. ಮಾದರಿಯ ಹೆಸರು ಬೇಡ, ಏಕೆಂದರೆ ತಪ್ಪು ಕಾರು ಮಾಡಿದವರದಲ್ಲ. ಬಣ್ಣ ಕೆಂಪು, ಎಂಜಿನ್ ಒಳ್ಳೆಯದೇ. ಒಂದೇ ತಕರಾರು: ರಾತ್ರಿ ನಿಲ್ಲಿಸಿದರೆ ಬೆಳಗ್ಗೆಗೆ ಬ್ಯಾಟರಿ ಸತ್ತಿರುತ್ತಿತ್ತು. ಬ್ಯಾಟರಿ ಬದಲಾಯಿಸಿದ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಪರೀಕ್ಷಿಸಿದ, ನಂತರ ನನ್ನನ್ನು ಕರೆದ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ನಡುವೆ ಕರೆಂಟು ಅಳೆಯುವ ಮಲ್ಟಿಮೀಟರ್ ಸೇರಿಸಿ, ಕಾರು ಪೂರ್ತಿ ನಿದ್ದೆಗೆ ಹೋಗುವವರೆಗೆ ಕಾದು, ಒಂದೊಂದೇ ಫ್ಯೂಸ್ ಕೀಳುತ್ತ ಬಂದೆವು. ಒಳಗಿನ ದೀಪದ ಫ್ಯೂಸ್ ಕಿತ್ತಾಗ ಕರೆಂಟು ಥಟ್ಟನೆ ಇಳಿಯಿತು. ಕಳ್ಳ ಸಿಕ್ಕನೆಂದು ಸಂತೋಷಪಟ್ಟು ಡ್ಯಾಶ್‌ಬೋರ್ಡಿನ ಕೆಳಭಾಗ ತೆಗೆದರೆ ಒಳಗೆ ಒಂದು ಸಂತೆಯೇ ಇತ್ತು. ಯಾರೋ ಹಾಕಿಸಿದ ಅಲಾರಂ, ಅದು ಕೆಟ್ಟ ಮೇಲೆ ಇನ್ಯಾರೋ ಹಾಕಿಸಿದ ಎರಡನೆಯ ಅಲಾರಂ. ಎಂದೋ ಕಿತ್ತುಹೋದ ಆಂಪ್ಲಿಫೈಯರಿನ ದಪ್ಪ ತಂತಿಗೆ ಬ್ಯಾಟರಿಯಿಂದ ಇನ್ನೂ ಕರೆಂಟು ಬರುತ್ತಿತ್ತು, ಅದರ ತುದಿ ಬರೀ ಟೇಪು ಸುತ್ತಿಕೊಂಡು ಕಾರ್ಪೆಟ್ಟಿನ ಕೆಳಗೆ ಮಲಗಿತ್ತು, ಫ್ಯೂಸಿಲ್ಲದೆ. ಅದೇ ಕಾರ್ಪೆಟ್ಟು ಒದ್ದೆ. ಸನ್‌ರೂಫಿನ ನೀರು ಹರಿಯುವ ಕೊಳವೆ ಕಟ್ಟಿಕೊಂಡು ಮಳೆನೀರು ಒಳಗೇ ಇಳಿಯುತ್ತಿತ್ತು. ಬೆಂಕಿ ಹತ್ತದೆ ಉಳಿದದ್ದು ಆ ಹುಡುಗನ ಪುಣ್ಯ.

ಹೆಚ್ಚುವರಿ ಮೀಟರುಗಳ ತಂತಿಗಳನ್ನು ಮೂಲ ತಂತಿಗಳ ಸಿಪ್ಪೆ ಸುಲಿದು ತಿರುಚಿ ಸೇರಿಸಿದ್ದರು. ಒಂದನ್ನು ಬಿಡಿಸಿದರೆ ಹಾರ್ನ್ ನಿಂತಿತು, ಅದನ್ನು ಸರಿಮಾಡಿದರೆ ಹಿಂದಿನ ವೈಪರ್ ತಾನಾಗಿ ಆಡತೊಡಗಿತು. ಮಳೆಗಾಲವೆಲ್ಲ ಇದೇ ಆಯಿತು. ಹುಡುಗ ಬೆಸುಗೆ ಹಾಕುವುದರಲ್ಲಿ ಎತ್ತಿದ ಕೈಯಾದ, ಸರ್ಕಿಟ್ ನಕ್ಷೆಯನ್ನು ಪತ್ರಿಕೆಯಂತೆ ಓದಬಲ್ಲವನಾದ. ಆದರೆ ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ, ಗೇರ್‌ಬಾಕ್ಸ್ ಹೇಗೆ ಇಳಿಸುವುದೆಂದು ಇಂದಿಗೂ ಅರಿಯ. ಅವನು ಕಲಿತದ್ದು ಬೇರೆಯವರ ಪಾಪ ತೊಳೆಯುವುದನ್ನು. ಕಾರಿನ ಮೇಲಿನ ಅವನ ಪ್ರೀತಿ ಇಷ್ಟರಿಂದಲೂ ತಗ್ಗಿಲ್ಲ. ಅದನ್ನು ನನ್ನ ವಾದಕ್ಕೆ ಹೇಗೆ ಸೇರಿಸಿಕೊಳ್ಳುವುದೆಂದು ತಿಳಿಯದೆ ಬದಿಗಿಟ್ಟಿದ್ದೇನೆ.

ಇನ್ನು ಎಂಜಿನ್ನಿನ ಕೋಣೆ. ಸಣ್ಣ ಕಾರಿಗೆ ದೊಡ್ಡ ಎಂಜಿನ್ನನ್ನು ಅಡ್ಡಲಾಗಿ ತುರುಕಿದ ಮೇಲೆ ಕೈ ಹೋಗುವ ಜಾಗವೆಲ್ಲಿ? ಕ್ಲಚ್ ಪ್ಲೇಟ್ ಬದಲಿಸಬೇಕೆಂದರೆ ಚಕ್ರಗಳನ್ನು ತಿರುಗಿಸುವ ಎರಡೂ ಡ್ರೈವ್‌ಶಾಫ್ಟ್ ಬಿಡಿಸಿ, ಎಂಜಿನ್ನನ್ನು ಮೇಲಿನಿಂದ ತೂಗುಹಾಕಿ, ಕೆಲವು ಕಾರುಗಳಲ್ಲಿ ಎಂಜಿನ್ನಿನ ಕೆಳಗಿನ ಚೌಕಟ್ಟಾದ ಸಬ್‌ಫ್ರೇಮನ್ನೂ ಇಳಿಸಿ ಗೇರ್‌ಬಾಕ್ಸ್ ಹೊರತೆಗೆಯಬೇಕು. ಲಿಫ್ಟ್ ಇಲ್ಲದ ಮನೆಯಲ್ಲಿ, ಸ್ಟ್ಯಾಂಡುಗಳ ಮೇಲೆ ಕಾರು ನಿಲ್ಲಿಸಿಕೊಂಡು, ಮೊದಲ ಬಾರಿಗೆ? ಜಾಕ್ ಒಂದರ ಮೇಲೇ ನಂಬಿಕೆಯಿಟ್ಟು ಕಾರಿನ ಕೆಳಗೆ ಹೋಗಬಾರದೆಂಬುದು ಕೂಡ ಗೊತ್ತಿಲ್ಲದವರು ಇಂಥ ಕೆಲಸಕ್ಕೆ ಇಳಿಯುವುದನ್ನು ನೋಡಿದ್ದೇನೆ.

ಬೇಸರದ ಮಾತಿಗೆ ನಾನು ಉತ್ತರಿಸುವುದಿಲ್ಲ. ಬೇಸರ ಬರುವವರು ಕಾರಿನ ಚಿತ್ರ ಗೋಡೆಗೆ ಅಂಟಿಸಿಕೊಳ್ಳಲಿ.

ಆ ಬೂದು ಸೆಡಾನ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದೇ ಹಾಟ್ ಹ್ಯಾಚಿನ ಸಾದಾ ಒಡಹುಟ್ಟು ಕೊಳ್ಳಿ. ಅದೇ ಮೈ, ಅದೇ ಬಾಗಿಲು, ಸಣ್ಣ ಎಂಜಿನ್, ಟರ್ಬೊ ಇಲ್ಲ. ಅದನ್ನು ಓಡಿಸಿದವರು ಆಯಿಲ್ ಬದಲಿಸಿ ಸುಮ್ಮನಿದ್ದವರು. ಅದಕ್ಕೆ ಎರಡನೆಯ ಅಲಾರಂ ಹಾಕಿಸುವ ಗೋಜಿಗೆ ಯಾರೂ ಹೋಗಿರುವುದಿಲ್ಲ. ಬಿಡಿಭಾಗ ಹೇರಳವಾಗಿ ಸಿಗುತ್ತದೆ ಎಂಬ ಪರಪಕ್ಷದ ಮಾತು ನಿಜವಾಗುವುದು ಈ ಕಾರಿನ ವಿಷಯದಲ್ಲಿ. ಅದರ ಬ್ರೇಕು, ಬೆಲ್ಟು, ಬುಷ್ಷು, ಸಾಧ್ಯವಾದರೆ ಕ್ಲಚ್ಚು ನಿಮ್ಮ ಕೈಯಿಂದಲೇ ಆಗಲಿ. ಅಷ್ಟಾದ ಮೇಲೂ ಜಿಟಿಐ ಬೇಕೆನಿಸಿದರೆ ಹೇಳಿ ಕಳುಹಿಸಿ. ಬಣ್ಣದ ಕೆಳಗೆ ತಗಡಿದೆಯೋ ಪುಟ್ಟಿ ತುಂಬಿದ್ದಾರೋ ನೋಡಲು ಒಂದು ಅಯಸ್ಕಾಂತ ಹಿಡಿದು ನಾನೇ ಜೊತೆಗೆ ಬರುತ್ತೇನೆ.