ಕೂಸು ಹುಟ್ಟುವ ಮೊದಲೇ ಕುಲಾವಿ: ವಾಚುಗಳ ಭವಿಷ್ಯ ಹೇಳುವವರಿಗೂ ಕೇಳುವವರಿಗೂ

ವಾಚು ಕಂಪನಿಗಳು ಹೊಸ ಮಾಡೆಲ್ ತೋರಿಸುವ ವಾಚಸ್ ಅಂಡ್ ವಂಡರ್ಸ್ ಮೇಳ ಜಿನೀವಾದಲ್ಲಿ ನಡೆಯುವುದು ಏಪ್ರಿಲ್ ಆಸುಪಾಸಿನಲ್ಲಿ. ಆದರೆ ಅದರ ಜಾತ್ರೆ ಡಿಸೆಂಬರ್‌ನಲ್ಲೇ ಶುರುವಾಗಿಬಿಡುತ್ತದೆ. ಬರಬಹುದಾದ ವಾಚುಗಳನ್ನು ಊಹಿಸಿ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳು ಓಡಾಡತೊಡಗುತ್ತವೆ. ಈ ಸಲ ರೋಲೆಕ್ಸ್ ತನ್ನ ಜಿಎಂಟಿ-ಮಾಸ್ಟರ್ 2 ವಾಚಿನಲ್ಲಿ ಕೆಂಪು-ಕಪ್ಪು ಬೆಜೆಲ್‌ನ (ಡಯಲಿನ ಸುತ್ತಲಿನ ಉಂಗುರ) 'ಕೋಕ್' ತರುವುದು ಗ್ಯಾರಂಟಿ ಅಂತ ಒಬ್ಬ, ಕೆಂಪು-ನೀಲಿ 'ಪೆಪ್ಸಿ' ನಿಲ್ಲುವುದು ಖಚಿತ ಅಂತ ಇನ್ನೊಬ್ಬ. ಸೆರಾಮಿಕ್ ಬೆಜೆಲ್‌ನ ಉಕ್ಕಿನ ಪೆಪ್ಸಿ ಬಂದದ್ದು 2018ರಲ್ಲಿ. ಅದಾದ ಮೇಲೆ ಅದರ ಸಾವಿನ ಸುದ್ದಿ ವರ್ಷಾಬ್ದಿಕದ ಹಾಗೆ ತಪ್ಪದೆ ಬರುತ್ತಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಒಂದು, ಇರುವ ಕೂಸಿಗೆ ತಿಥಿ ಮಾಡುವುದು ಇನ್ನೊಂದು.

ನಾನು ಹೇಳಬೇಕೆಂದಿರುವುದು ಇಷ್ಟೇ. ಏನು ಬರುತ್ತದೆ ಎಂದು ಊಹಿಸುವುದು ಜೂಜು. ಏನು ಹೋಗುತ್ತದೆ ಎಂಬುದನ್ನು ಮಾತ್ರ ಒಂದಷ್ಟು ಮಟ್ಟಿಗೆ ಲೆಕ್ಕ ಹಾಕಬಹುದು. ಸಂಗ್ರಹಕಾರನ ದುಡ್ಡು ಕರಗುವುದೂ ಬೆಳೆಯುವುದೂ ಬಹುಪಾಲು ಈ ಎರಡನೆಯದರಲ್ಲೇ.

ಲೆಕ್ಕ ಹೇಗೆ? ಡಯಲ್ ನೋಡಬೇಡಿ, ಒಳಗಿನ ಯಂತ್ರ, ಅಂದರೆ ಕ್ಯಾಲಿಬರ್ ನೋಡಿ. ಯಾವ ಕಂಪನಿಯೂ ಹೊಸ ಕ್ಯಾಲಿಬರ್ ಮಾಡಿ ಅದನ್ನು ಒಂದೇ ವಾಚಿಗೆ ಹಾಕಿ ಸುಮ್ಮನಾಗುವುದಿಲ್ಲ. ರೋಲೆಕ್ಸ್‌ನ 32 ಸರಣಿಯನ್ನೇ ತೆಗೆದುಕೊಳ್ಳಿ. 2015ರಲ್ಲಿ 3255 ಡೇ-ಡೇಟ್ 40ರೊಳಗೆ ಬಂತು. 2017ರಲ್ಲಿ ಸೀ-ಡ್ವೆಲರ್‌ಗೆ 3235, 2018ರಲ್ಲಿ ಜಿಎಂಟಿ-ಮಾಸ್ಟರ್ 2ಕ್ಕೆ 3285, 2020ರ ಸೆಪ್ಟೆಂಬರ್‌ನಲ್ಲಿ ಸಬ್‌ಮರೀನರ್‌ಗೆ 3230 ಮತ್ತು 3235. ಪೂರ್ತಿ ಕೀಲಿ ಕೊಟ್ಟರೆ ಓಡುವ ಅವಧಿ 48 ಗಂಟೆಯಿಂದ 70 ಗಂಟೆಗೆ ಏರಿತು. ಮಾಡೆಲ್ ಗುರುತಿಸುವ ರೆಫರೆನ್ಸ್ ಸಂಖ್ಯೆಯ ಎರಡನೇ ಅಂಕಿ ಹೆಚ್ಚಿನ ಕಡೆ 1 ಹೋಗಿ 2 ಆಯಿತು: 116610 ಇದ್ದದ್ದು 126610, 114060 ಇದ್ದದ್ದು 124060. ಇನ್ನು ಹಳೆಯ ಯಂತ್ರದಲ್ಲೇ ಉಳಿದವರು ಯಾರು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರೆ 2020ರ ಕೊನೆಗೆ ಮುಂದಿನ ಮೂರು ವರ್ಷದ ಪಂಚಾಂಗ ಕೈಯಲ್ಲಿರುತ್ತಿತ್ತು. ಎಕ್ಸ್‌ಪ್ಲೋರರ್ ಮತ್ತು ಎಕ್ಸ್‌ಪ್ಲೋರರ್ 2, 2021ರಲ್ಲಿ ಬದಲಾದವು. ಏರ್-ಕಿಂಗ್ 2022ರಲ್ಲಿ. ಉಕ್ಕಿನ ಈ ಸಾಲಿನಲ್ಲಿ ಕೊನೆಗೆ ಉಳಿದದ್ದು 3131 ಹೊತ್ತ ಮಿಲ್ಗಾಸ್.

ಮಿಲ್ಗಾಸ್ ಕಾಂತಕ್ಷೇತ್ರ ತಡೆಯಲೆಂದೇ ಹುಟ್ಟಿದ ವಾಚು. ಯಂತ್ರದ ಸುತ್ತ ಮೆದು ಕಬ್ಬಿಣದ ಕವಚ ಇರುತ್ತಿತ್ತು. ಹೊಸ ಸರಣಿಯ ಎಸ್ಕೇಪ್‌ಮೆಂಟ್ (ಯಂತ್ರದ ಓಟವನ್ನು ಅಳತೆಯಲ್ಲಿ ಬಿಡುವ ಭಾಗ) ನಿಕಲ್-ಫಾಸ್ಫರಸ್‌ನಿಂದ ಮಾಡಿದ್ದು, ಕಾಂತಕ್ಕೆ ಜಗ್ಗುವುದಿಲ್ಲ. ಅಂದರೆ ಸಾಮಾನ್ಯ ವಾಚುಗಳೇ ಮಿಲ್ಗಾಸ್‌ನ ಅರ್ಧ ಕೆಲಸ ಮಾಡತೊಡಗಿದ್ದವು. ಹಾಗಾಗಿ ಅದು ಬದಲಾಗಬೇಕಿತ್ತು, ಇಲ್ಲ ಹೋಗಬೇಕಿತ್ತು. 2023ರಲ್ಲಿ ಹೋಯಿತು. ಇಲ್ಲೇ ಈ ವಿಧಾನದ ಮಿತಿಯೂ ಇದೆ: ಸ್ಥಿತಿ ಹೀಗೇ ಮುಂದುವರಿಯುವುದಿಲ್ಲ ಎಂಬುದನ್ನು ಅದು ಹೇಳುತ್ತದೆ, ಎರಡರಲ್ಲಿ ಯಾವುದಾಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಇದರ ಎದುರು 'ವಾರ್ಷಿಕೋತ್ಸವ ಜ್ಯೋತಿಷ್ಯ' ಇಟ್ಟು ನೋಡಿ. 2021ಕ್ಕೆ ಎಕ್ಸ್‌ಪ್ಲೋರರ್ 2ಕ್ಕೆ 50 ತುಂಬಿತು. ಸೆರಾಮಿಕ್ ಬೆಜೆಲ್ ಬರುತ್ತದೆ, ಹಳೆ 1655 ಮಾಡೆಲ್‌ನ ಕಿತ್ತಳೆ ಮುಳ್ಳಿನ ರೂಪ ಮರಳುತ್ತದೆ ಅಂತ ಏನೆಲ್ಲ ಚಿತ್ರ ಬಂದವು. ಬಂದದ್ದು 226570. ಅದೇ 42 ಮಿಲಿಮೀಟರ್, ಅದೇ ಉಕ್ಕಿನ ಬೆಜೆಲ್; ಕೇಸ್ ಮತ್ತು ಬ್ರೇಸ್‌ಲೆಟ್‌ನ ಅಳತೆಯಲ್ಲಿ ಅಷ್ಟಿಷ್ಟು ತಿದ್ದುಪಡಿ. ಒಳಗೆ 3187 ಬದಲು 3285. ಎದುರಿನಿಂದ ಗುರುತಿಸಬೇಕೆಂದರೆ ಡಯಲಿನ ಆರರ ಕೆಳಗೆ 'ಸ್ವಿಸ್' ಮತ್ತು 'ಮೇಡ್' ನಡುವೆ ಒಂದು ಪುಟಾಣಿ ಕಿರೀಟ ಇದೆಯೇ ಅಂತ ಭೂತಗನ್ನಡಿ ಹಿಡಿದು ನೋಡಬೇಕು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಕ್ಯಾಲಿಬರ್ ಪಟ್ಟಿ ಹಿಡಿದಿದ್ದವರಿಗೆ ಮಾತ್ರ ನಿರೀಕ್ಷಿಸಿದ್ದೇ ಸಿಕ್ಕಿತು.

ವಾರ್ಷಿಕೋತ್ಸವ ಪೂರ್ತಿ ಸುಳ್ಳು ಅಂತಲ್ಲ. ಸಬ್‌ಮರೀನರ್‌ಗೆ 50 ಆದಾಗ, 2003ರಲ್ಲಿ, ಹಸಿರು ಬೆಜೆಲ್ ಬಂತು. ಡೇಟೋನಾಕ್ಕೆ 50 ಆದ 2013ರಲ್ಲೂ ಹೊಸದು ಬಂತು, ಆದರೆ ಪ್ಲಾಟಿನಮ್‌ನಲ್ಲಿ. ಉಕ್ಕಿನ ಮೇಲೆ ಸೆರಾಮಿಕ್ ಬೆಜೆಲ್ ಕಾಯುತ್ತಿದ್ದವರು 2016ರವರೆಗೆ ಕಾಯಬೇಕಾಯಿತು. ಪಾಟೆಕ್ ಫಿಲಿಪ್ 2016ರಲ್ಲಿ ನಾಟಿಲಸ್‌ನ 40 ವರ್ಷ ಆಚರಿಸಿದ್ದು ಎರಡು ವಾಚುಗಳಿಂದ: ಪ್ಲಾಟಿನಮ್‌ನ 5711 ಬರೀ 700, ಬಿಳಿ ಬಂಗಾರದ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ ವಾಚು) 5976 ಬರೀ 1300. ಹಬ್ಬದೂಟ ಬಂಗಾರದ ಎಲೆಯಲ್ಲಿ ಬಡಿಸುತ್ತಾರೆ. ಉಕ್ಕಿನ ಸಾಲಿನಲ್ಲಿ ಕೂತವನಿಗೆ ಸಿಗುವುದು ವಾಸನೆ ಮಾತ್ರ. 2027ಕ್ಕೆ ಒಮೇಗಾ ಸ್ಪೀಡ್‌ಮಾಸ್ಟರ್‌ಗೆ 70, 2028ಕ್ಕೆ ಸಬ್‌ಮರೀನರ್‌ಗೆ 75. ಆ ಲೆಕ್ಕದ ಮೇಲೆ ಇವತ್ತೇ ಹೆಚ್ಚಿಗೆ ದುಡ್ಡು ಕೊಟ್ಟು ಏನನ್ನೂ ಕೂಡಿಡಬೇಡಿ.

ಏನು ಬರುತ್ತದೆ ಎಂದು ಊಹಿಸುವುದು ಜೂಜು ಎಂದೆನಲ್ಲ, ಅದಕ್ಕೆ ಫ್ರೆಂಚ್ ಕಂಪನಿ ಕಾರ್ತಿಯೇ (Cartier) ಒಂದೇ ಅಪವಾದ ಎನ್ನಬಹುದು. ಪ್ರಿವೆ ಸಾಲಿನಲ್ಲಿ ವರ್ಷಕ್ಕೊಂದು ಹಳೆ ಆಕಾರ ಎಬ್ಬಿಸುತ್ತಾರೆ: 2021ರಲ್ಲಿ ಕ್ಲೋಶ್, 2022ರಲ್ಲಿ ಟ್ಯಾಂಕ್ ಶಿನ್ವಾಸ್, 2023ರಲ್ಲಿ ಟ್ಯಾಂಕ್ ನಾರ್ಮಾಲ್, 2024ರಲ್ಲಿ ಟಾರ್ಟ್ಯು, 2025ರಲ್ಲಿ ಟ್ಯಾಂಕ್ ಆ ಗಿಶೆ. ಹಳೆ ಕ್ಯಾಟಲಾಗ್ ಬಲ್ಲವರು ಉಳಿದ ಆಕಾರಗಳನ್ನು ಬೆರಳ ಮೇಲೆ ಎಣಿಸಬಲ್ಲರು.

ಸೋರಿಕೆಗಳ ವಿಷಯಕ್ಕೆ ಬರೋಣ. ನಿಜವಾದ ಸೋರಿಕೆಗಳು ನೋಡಲು ಬಹಳ ಸಪ್ಪೆ. ಬಿಳಿ ಡಯಲಿನ ಸ್ಪೀಡ್‌ಮಾಸ್ಟರ್ ಮೊದಲು ಕಂಡದ್ದು 2023ರ ನವೆಂಬರ್‌ನಲ್ಲಿ ನಟ ಡೇನಿಯಲ್ ಕ್ರೇಗ್ ಕೈಯಲ್ಲಿ. ಅಂಗಡಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಪಾಟೆಕ್‌ನ ಚೌಕದ ಕ್ಯುಬಿಟಸ್ 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಗೆ ಮುಂಚೆಯೇ ಫಾರ್ಚೂನ್ ಪತ್ರಿಕೆಯ ಜಾಹೀರಾತಿನಲ್ಲಿ ಸಿಕ್ಕಿಬಿತ್ತು. 2025ರ ರೋಲೆಕ್ಸ್ ಲ್ಯಾಂಡ್-ಡ್ವೆಲರ್‌ನ ಹೆಸರು ಟ್ರೇಡ್‌ಮಾರ್ಕ್ ದಾಖಲೆಯಲ್ಲಿ ಮೊದಲೇ ಇತ್ತು. ವಾಚು ಬಿಡುಗಡೆಗೆ ಸ್ವಲ್ಪ ಮುಂಚೆ ರೋಜರ್ ಫೆಡರರ್ ಹಾಕಿದ ಫೋಟೋದಲ್ಲಿ ಕಂಡಿತು.

ಪೇಟೆಂಟ್ ಓದುವವರು ಒಂದು ವಿಷಯ ನೆನಪಿಡಬೇಕು. ಅರ್ಜಿ ಹಾಕಿ ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಅದು ಬಹಿರಂಗವಾಗುತ್ತದೆ. ನೀವು ಓದುತ್ತಿರುವುದು ಒಂದೂವರೆ ವರ್ಷ ಹಳೆಯ ಆಲೋಚನೆ. ಅಲ್ಲದೆ ಪೇಟೆಂಟ್ ಅಂದರೆ ಮಾಡಬಲ್ಲೆವು ಅಂತ ಅರ್ಥವೇ ಹೊರತು ಮಾಡುತ್ತೇವೆ ಅಂತಲ್ಲ. ಕೆಂಪು ಸೆರಾಮಿಕ್ ತೆಗೆಯುವುದೇ ಕಷ್ಟ, ಅದಕ್ಕೆ ಕುಲುಮೆಯ ಶಾಖ ತಡೆಯುವ ಖನಿಜ ಬಣ್ಣವಿಲ್ಲ. ಎರಡು ಬಣ್ಣದ ಉಂಗುರವನ್ನು ಅಂಟಿಸಿ ಮಾಡುವುದೂ ಇಲ್ಲ. ಒಂದೇ ಉಂಗುರ ಮಾಡಿ, ಸುಡುವ ಮುಂಚೆ ಅರ್ಧಕ್ಕೆ ಲೋಹ ಲವಣದ ದ್ರಾವಣ ಕುಡಿಸಿ ಬಣ್ಣ ತಿರುಗಿಸುತ್ತಾರೆ. ಗಡಿಗೆರೆ ಕದಡಿದರೆ, ಕೆಂಪು ಕಂದಿದರೆ ಅದು ಕಸ. 'ಪೇಟೆಂಟ್ ಸಿಕ್ಕಿತು, ಕೋಕ್ ಬಂತು' ಎಂದು ಕೇಕೆ ಹಾಕುವವರು ಈ ಕುಲುಮೆಯನ್ನು ಮರೆಯುತ್ತಾರೆ. 2024ರಲ್ಲಿ ಕಪ್ಪು-ಗಾಢಗೆಂಪು ಬೆಜೆಲ್ ಬಂದದ್ದು ರೋಲೆಕ್ಸ್‌ನ ಸೋದರ ಕಂಪನಿ ಟ್ಯೂಡರ್‌ನ ಬ್ಲ್ಯಾಕ್ ಬೇ 58 ಜಿಎಂಟಿಯಲ್ಲಿ. ಅದೇ ವರ್ಷ ರೋಲೆಕ್ಸ್ ಕೊಟ್ಟದ್ದು ಬೂದು-ಕಪ್ಪು!

ಕಂಪ್ಯೂಟರ್ ಚಿತ್ರವನ್ನು ಹಿಡಿಯಲು ಒಂದು ಸುಲಭ ದಾರಿ ಇದೆ. ತಾರೀಖಿನ ಕಿಟಕಿ ಡಯಲಿನ ಅಂಚಿನಿಂದ ಎಷ್ಟು ದೂರ, ಕ್ರೋನೋಗ್ರಾಫ್‌ನ ಚಿಕ್ಕ ಡಯಲುಗಳ ನಡುವೆ ಎಷ್ಟು ಅಂತರ ಎಂಬುದನ್ನು ಒಳಗಿನ ಯಂತ್ರವೇ ನಿಗದಿ ಮಾಡುತ್ತದೆ. ಕೇಸ್ ಹಿಗ್ಗಿಸಿದ ಮಾತ್ರಕ್ಕೆ ಅವು ಹೊರಗೆ ಸರಿಯುವುದಿಲ್ಲ. ಅದೇ ಕ್ಯಾಲಿಬರ್ ಅಂತ ಬರೆದು ಕಿಟಕಿಯನ್ನು ಅಂದಕ್ಕಾಗಿ ಅಂಚಿಗೆ ತಳ್ಳಿದ್ದರೆ ಆ ಚಿತ್ರ ಬಿಡಿಸಿದವನಿಗೆ ವಾಚು ಗೊತ್ತಿಲ್ಲ. ಇನ್ನು ಎಡಗೈಯವರ ಹಸಿರು-ಕಪ್ಪು ಜಿಎಂಟಿ (2022), ತಾರೀಖಿನ ಜಾಗದಲ್ಲಿ 31 ಇಮೋಜಿ ಇದ್ದ ಜಿಗ್‌ಸಾ ಡಯಲಿನ ಡೇ-ಡೇಟ್ (2023), ಇಂಥವನ್ನು ಯಾವ ಲೆಕ್ಕವೂ ಹಿಡಿಯದು. ಅಲ್ಲಿ ಕೈಮುಗಿದು ಸುಮ್ಮನಿರುವುದೇ ವಾಸಿ.

ಈಗ ಬೆಲೆ. ಒಂದು ಮಾಡೆಲ್ ನಿಂತಾಗ ಹಳೆಯದು ಏರಿಯೇ ಏರುತ್ತದೆ ಅನ್ನುವುದು ಅರ್ಧ ಸತ್ಯ. ಕೇಳಬೇಕಾದ ಪ್ರಶ್ನೆ: ಹೊಸದು ಹಳೆಯದರ ಜಾಗ ತುಂಬುತ್ತದೆಯೇ? 2020ರಲ್ಲಿ ಕಪ್ಪು ಸಬ್‌ಮರೀನರ್ 116610 ಹೋಗಿ ಕಪ್ಪು 126610 ಬಂತು. ಮುಖ ಅದೇ, ಯಂತ್ರ ಉತ್ತಮ. ಅಲ್ಲಿ ಹಳೆಯದಕ್ಕೆ ಹುಚ್ಚೇಳಲು ಕಾರಣ ಕಡಿಮೆ. ಅದೇ ದಿನ 'ಹಲ್ಕ್' 116610ಎಲ್‌ವಿ ಕೂಡ ಹೋಯಿತು. ಅದರ ಡಯಲೂ ಹಸಿರು, ಬೆಜೆಲೂ ಹಸಿರು. ಬದಲಿಗೆ ಬಂದದ್ದರ ಬೆಜೆಲ್ ಮಾತ್ರ ಹಸಿರು, ಡಯಲ್ ಕಪ್ಪು. ಹಸಿರು ಡಯಲ್ ಬೇಕೆಂದವನಿಗೆ ಹಳೆಯದು ಬಿಟ್ಟು ಬೇರೆ ಗತಿಯಿಲ್ಲ, ಬೆಲೆ ಜಿಗಿಯಿತು.

ಇನ್ನೂ ದೊಡ್ಡ ಪಾಠ ನಾಟಿಲಸ್ 5711/1ಎ. 2006ರಲ್ಲಿ ಹುಟ್ಟಿ 2021ರ ಜನವರಿಯಲ್ಲಿ ನಿಲ್ಲುವ ಸುದ್ದಿ ಬಂತು. ಅಂಗಡಿ ಬೆಲೆ ಸುಮಾರು 35,000 ಡಾಲರ್. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ 1 ಲಕ್ಷ ದಾಟಿತು. ಆದರೆ ನಿಂತದ್ದು ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಆಲಿವ್ ಹಸಿರು ಡಯಲ್ ಬಂತು, ಅಂಥದ್ದೊಂದು ಜುಲೈನಲ್ಲಿ ಹರಾಜಿನಲ್ಲಿ 4 ಲಕ್ಷ ಯೂರೋ ಮೀರಿತು. ಡಿಸೆಂಬರ್‌ನಲ್ಲಿ ಆಭರಣ ಕಂಪನಿ ಟಿಫನಿಯ ನೀಲಿ ಬಣ್ಣದ 170 ಬಂದವು, ಅದರಲ್ಲೊಂದು ಫಿಲಿಪ್ಸ್ ಹರಾಜಿನಲ್ಲಿ 65 ಲಕ್ಷ ಡಾಲರ್‌ಗೆ ಹೋಯಿತು. ಅದರ ಬಿಸಿ ಯಾರಿಗೆ ತಟ್ಟಿತು ಗೊತ್ತೇ? ಅದೇ ಛಾಯೆಯ ಡಯಲಿನ ರೋಲೆಕ್ಸ್ ಆಯ್ಸ್ಟರ್ ಪರ್ಪೆಚುಯಲ್ 41ಕ್ಕೆ. 2020ರಲ್ಲಿ 5,900 ಡಾಲರ್‌ಗೆ ಬಂದ ಸಾದಾ ವಾಚು ಇನ್ನೊಂದು ಕಂಪನಿಯ ಬಣ್ಣದಿಂದಾಗಿ ಹಲವು ಪಟ್ಟು ಬೆಲೆಗೆ ಓಡಾಡಿತು. 2022ರ ವಸಂತದ ನಂತರ ಇಡೀ ಪೇಟೆ ಇಳಿಯಿತು. ತುದಿಯಲ್ಲಿ ಕೊಂಡವರು ಕೊಂಡದ್ದು ವಾಚನ್ನಲ್ಲ, ಸುದ್ದಿಯನ್ನು.

ಹಾಗಾಗಿ ನಿಲ್ಲಬಹುದಾದ ಮಾಡೆಲ್ ನಿಮಗೆ ಬೇಕಿದ್ದರೆ ಮೇಳಕ್ಕೆ ಆರೇಳು ತಿಂಗಳ ಮುಂಚೆ, ಗಾಳಿಮಾತು ಶುರುವಾಗುವ ಮೊದಲು ಕೊಳ್ಳಿ. ಮೇಳದ ಹಿಂದಿನ ವಾರದ ಬೆಲೆಯಲ್ಲಿ ಊಹೆಯೂ ಸೇರಿರುತ್ತದೆ. ಊಹೆ ಸುಳ್ಳಾದರೆ ಆ ಭಾಗ ಅವತ್ತೇ ಆವಿ. ಮಾರುವವರಿಗೆ ಇದೇ ಉಲ್ಟಾ: ಗಾಳಿಮಾತು ಜೋರಿರುವ ಆ ವಾರವೇ ಒಳ್ಳೆಯದು, ಯಾಕೆಂದರೆ ನಿಂತಿತು ಅಂತ ಖಚಿತವಾದ ಮರುದಿನ ಕಪಾಟಿನೊಳಗಿದ್ದ ವಾಚುಗಳೆಲ್ಲ ಒಟ್ಟಿಗೆ ಪೇಟೆಗೆ ಬರಬಹುದು.

ನಿಂತ ಮಾಡೆಲ್ ಕೊಳ್ಳುವಾಗ ಮೊದಲು ಲಗ್‌ಗಳ (ಬ್ರೇಸ್‌ಲೆಟ್ ಸಿಕ್ಕಿಸುವ, ಕೇಸಿನ ಕೊಂಬುಗಳು) ಅಂಚು ನೋಡಿ. ಪಾಲಿಶ್ ಮಾಡಿ ಮಾಡಿ ಚೂಪಾದ ಗೆರೆ ದುಂಡಗಾಗಿದ್ದರೆ ಲೋಹ ಮರಳಿ ಬರುವುದಿಲ್ಲ. ಎರಡೂ ಕಡೆಯ ಲಗ್ ಒಂದೇ ದಪ್ಪ ಇದೆಯೇ ಅಂತ ಮೇಲಿನಿಂದ ಹಿಡಿದು ಹೋಲಿಸಿ. ಬ್ರೇಸ್‌ಲೆಟ್ ಅಡ್ಡ ಹಿಡಿದಾಗ ಜೋತುಬಿದ್ದರೆ ಕೊಂಡಿಗಳು ಸವೆದಿವೆ. ವಾರಂಟಿ ಕಾರ್ಡಿನ ಸಂಖ್ಯೆ ಮತ್ತು ವಾಚಿನ ಮೇಲಿನ ಸಂಖ್ಯೆ ಒಂದೇ ಇರಬೇಕು. ಹಲ್ಕ್‌ನಂಥದ್ದರಲ್ಲಿ ಇನ್ನೊಂದು ಅಪಾಯ ಇದೆ: ಬೆಲೆ ಇರುವುದೇ ಡಯಲ್ ಮತ್ತು ಬೆಜೆಲ್‌ಗೆ, ಆದ್ದರಿಂದ ಕಪ್ಪು ವಾಚಿಗೆ ಹಸಿರು ಭಾಗ ಹಾಕಿ ಮಾರುವವರಿದ್ದಾರೆ. ಕಾರ್ಡಿನಲ್ಲಿ ಸಂಖ್ಯೆಯ ಕೊನೆಗೆ 'ಎಲ್‌ವಿ' (ಹಸಿರು) ಇದೆಯೋ 'ಎಲ್‌ಎನ್' (ಕಪ್ಪು) ಇದೆಯೋ ಓದಿ. ಕಾರ್ಡೇ ಇಲ್ಲದಿದ್ದರೆ ಹಿಂದಿನ ಮುಚ್ಚಳ ತೆಗೆಸಿ ನೋಡಬಲ್ಲ ರಿಪೇರಿಯವರ ಬಳಿ ಒಯ್ಯದೆ ದುಡ್ಡು ಕೊಡಬೇಡಿ.

ಹೊಸದರ ಮೊದಲ ಕಂತಿಗೂ ಆತುರ ಬೇಡ. ಲ್ಯಾಂಡ್-ಡ್ವೆಲರ್‌ನ 7135 ಕ್ಯಾಲಿಬರ್ ಗಂಟೆಗೆ 36,000 ಸಲ ಮಿಡಿಯುತ್ತದೆ, ಡೈನಾಪಲ್ಸ್ ಎಂಬ ಹೊಸ ಎಸ್ಕೇಪ್‌ಮೆಂಟ್ ಬೇರೆ. ಇಂಥ ಹೊಸ ಯಂತ್ರದ ಸ್ವಭಾವ ಗೊತ್ತಾಗುವುದು ಮೊದಲ ಸರ್ವಿಸ್‌ಗಳು ಬಂದ ಮೇಲೆ. ಮೊದಲ ತಿಂಗಳುಗಳಲ್ಲಿ ಡೀಲರ್ ಅಲ್ಲದ ಮಾರಾಟಗಾರರು 'ಬುಕಿಂಗ್' ಅಂತ ಮುಂಗಡ ಕೇಳುತ್ತಾರೆ. ಅವರ ಕೈಯಲ್ಲಿ ವಾಚಿಲ್ಲ, ಎಷ್ಟೋ ಸಲ ವೇಟಿಂಗ್ ಲಿಸ್ಟ್‌ನಲ್ಲಿರುವ ಮೂರನೆಯವನ ಬಾಯಿಮಾತು ಮಾತ್ರ ಇರುತ್ತದೆ. ಸೀರಿಯಲ್ ಸಂಖ್ಯೆ, ಕಾರ್ಡಿನ ತಾರೀಖು, ಕೊಡುವ ದಿನ, ಕೊಡದಿದ್ದರೆ ಹಣ ವಾಪಸಾಗುವ ದಿನ, ಈ ನಾಲ್ಕನ್ನೂ ಬರೆದು ಕೊಡಿ ಅನ್ನಿ. ಅಂಥವರಿಂದ ಎರಡನೇ ಫೋನ್ ಬರುವುದಿಲ್ಲ.