ನಮ್ಮ ಗಿಡಕ್ಕೆ ನಾವೇ ಚೌಕಾಸಿ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹೂ ಕೀಳುವುದನ್ನು ಯಾರೂ ಕಳ್ಳತನ ಅನ್ನುವುದಿಲ್ಲ. ಬೆಳಗ್ಗೆ ವಾಕಿಂಗ್ ಹೊರಟವರ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು. ಕಾಂಪೌಂಡಿನಿಂದ ಆಚೆ ಬಾಗಿದ ದಾಸವಾಳ ಅವರದ್ದು. ಒಳಗಿರುವುದೂ ಕೋಲು ಎಟಕುವಷ್ಟು ದೂರ ಅವರದ್ದೇ. ಕೇಳಿದರೆ, "ದೇವರಿಗೆ ಅಲ್ವೇನಮ್ಮಾ?" ಅನ್ನುತ್ತಾರೆ. ನೀರು, ಗೊಬ್ಬರ ನಮ್ಮದು. ಪುಣ್ಯ ಮೂರನೇ ಕ್ರಾಸಿನವರದ್ದು. ಇದಕ್ಕೆಲ್ಲ ನಾನು ಎಂದೋ ಒಗ್ಗಿಹೋಗಿದ್ದೇನೆ.

ಆದರೆ ಕುಂಡ ಸಮೇತ ಗಿಡವನ್ನೇ ಎತ್ತಿಕೊಂಡು ಹೋದರೆ? ಅದು ಯಾವ ದೇವರಿಗೆ?

ಹೋದದ್ದು ನನ್ನ ಅಡೀನಿಯಂ. ಅರಬ್ ಮತ್ತು ಆಫ್ರಿಕಾದ ಒಣನೆಲದ ಗಿಡ ಇದು. ಏಡನ್ ಬಂದರಿನ ಹೆಸರೇ ಇದರ ಹೆಸರಿಗೂ ಮೂಲ. ಬುಡ ಊದಿಕೊಂಡು, ಅದರಲ್ಲೇ ನೀರು ಕೂಡಿಟ್ಟುಕೊಂಡು ಬದುಕುತ್ತದೆ. ಬುಡ ದಪ್ಪ ಆದಷ್ಟೂ ಬೆಳೆಸಿದವರಿಗೆ ಹೆಮ್ಮೆ. ನನ್ನ ಅತ್ತೆ ಮಾತ್ರ ಮೊದಲ ದಿನದಿಂದಲೂ ಅದನ್ನು "ಆ ಡೊಳ್ಳುಹೊಟ್ಟೆ" ಅಂತಲೇ ಕರೆಯುತ್ತಿದ್ದರು. ಹಾಲು ಸೋರುವ ಗಿಡ, ವಿಷ ಬೇರೆ, ಹೂ ಬಿಟ್ಟರೂ ದೇವರ ತಲೆಗೆ ಏರಿಸುವ ಹಾಗಿಲ್ಲ ಅಂತ ಅವರ ತಕರಾರು. ವಿಷ ಅನ್ನುವುದು ನಿಜ. ಆಫ್ರಿಕಾದಲ್ಲಿ ಬೇಟೆಗಾರರು ಇದರ ರಸವನ್ನು ಬಾಣಕ್ಕೆ ಹಚ್ಚುತ್ತಿದ್ದರಂತೆ. ಆದರೆ ದಿನಾ ಪೂಜೆಗೆ ಇಡುವ ಕಣಗಿಲೆ, ನಂದಿಬಟ್ಟಲು ಎಲ್ಲ ಇದೇ ಮನೆತನದವು ಅಲ್ವಾ ಅಂತ ಒಮ್ಮೆ ವಾದಕ್ಕೆ ಇಳಿದೆ. "ಮನೆತನ ಒಂದೇ ಆದ್ರೆ ಗುಣಾನೂ ಒಂದೇ ಇರುತ್ತಾ? ನಿನ್ನ ಮಾವನ ತಮ್ಮನ್ನೇ ನೋಡು" ಅಂದರು. ಸಸ್ಯಶಾಸ್ತ್ರ ಅಲ್ಲಿಗೆ ಮುಗಿಯಿತು.

ಮಗ ಎಲ್‌ಕೆಜಿ ಸೇರಿದ ವರ್ಷ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಕೊಂಡ ಗಿಡ ಅದು. ಈಗ ಅವನು ಹತ್ತನೇ ಕ್ಲಾಸು. ಕುಂಡ ಬದಲಿಸುವಾಗಲೆಲ್ಲ ಬುಡವನ್ನು ಸ್ವಲ್ಪ ಮೇಲೆತ್ತಿ ನೆಡಬೇಕು. ಆಗ ಬೇರುಗಳು ಹೊರಗೆ ಕಂಡು ಗಿಡಕ್ಕೆ ಒಂದು ಗತ್ತು ಬರುತ್ತದೆ. ಎರಡು ಬೇರು ಒಂದಕ್ಕೊಂದು ಅಂಟಿಕೊಳ್ಳದಿರಲಿ ಅಂತ ನಡುವೆ ಏನಾದರೂ ಸಿಕ್ಕಿಸಿಡುವುದೂ ಉಂಟು. ಆ ಹೊತ್ತಿಗೆ ನನ್ನ ಕೈಗೆ ಸಿಕ್ಕಿದ್ದು ಮಗನ ನೀಲಿ ಗೋಲಿ. ಮುಂದಿನ ಸಲ ತೆಗೆಯೋಣ ಅಂತ ನೋಡಿದರೆ ಬೇರು ಗೋಲಿಯನ್ನು ಅರ್ಧ ನುಂಗಿ ಕೂತಿತ್ತು. ಮಗ ಎರಡು ದಿನ ಅತ್ತ. ಗಿಡ ಕಕ್ಕಲಿಲ್ಲ.

ಗಿಡ ಹೋದ ಬೆಳಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಕುಂಡದ ಅಡಿಯ ಒದ್ದೆ ಉಂಗುರ ಮಾತ್ರ ಉಳಿದಿತ್ತು. ಪಕ್ಕದಲ್ಲೇ ಅತ್ತೆಯ ತುಳಸಿ, ದೊಡ್ಡಪತ್ರೆ, ಒಂದು ನಿಂಬೆ ಗಿಡ ಇದ್ದವು. ಒಂದನ್ನೂ ಮುಟ್ಟಿರಲಿಲ್ಲ. "ನೋಡಿದ್ಯಾ, ಕಳ್ಳನಿಗೂ ದೇವರ ಭಯ ಇದೆ" ಅಂದರು ಅತ್ತೆ. ದುಃಖದಲ್ಲಿರುವವರ ಮುಂದೆ ಆಡುವ ಮಾತಾ ಅದು?

ಕುಂಡ ಕದಿಯುವುದಕ್ಕೆ ಬಡತನವೇ ಬೇಕು ಅಂತೇನೂ ಇಲ್ಲ. 2023ರಲ್ಲಿ ಗುರುಗ್ರಾಮದಲ್ಲಿ ಜಿ20 ಸಭೆಗೆ ಅಂತ ರಸ್ತೆ ಬದಿ ಜೋಡಿಸಿಟ್ಟಿದ್ದ ಹೂಕುಂಡಗಳನ್ನು ಭಾರೀ ಕಾರಿನಲ್ಲಿ ಬಂದವರು ಡಿಕ್ಕಿಗೆ ತುಂಬಿಕೊಂಡು ಹೋದ ವಿಡಿಯೋ ಇಡೀ ದೇಶ ನೋಡಿದೆ. ಹಾಗಾಗಿ ಕೆಲವು ದಿನ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಿದವರನ್ನೆಲ್ಲ ನಾನು ಅನುಮಾನದಿಂದಲೇ ನೋಡಿದೆ. ಎದುರು ಮನೆ ಡಾಕ್ಟರನ್ನೂ ಬಿಡಲಿಲ್ಲ.

ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಅಂತ ಗಂಡನನ್ನು ಹೊರಡಿಸಿದೆ. ಅಲ್ಲಿದ್ದ ಪೊಲೀಸರು ನಗದೆ ಬರೆದುಕೊಂಡರು. ಅದಕ್ಕಾಗಿ ಅವರ ಬಗ್ಗೆ ಇವತ್ತಿಗೂ ಗೌರವ ಇದೆ. ಗಿಡದ ಬಣ್ಣ, ಎತ್ತರ, ಗುರುತು ಎಲ್ಲ ಕೇಳಿದರು. ಆಮೇಲೆ ಬಂತು ನೋಡಿ ಪ್ರಶ್ನೆ: "ಬೆಲೆ ಎಷ್ಟು?"

"ಮುನ್ನೂರು ರೂಪಾಯಿ ಸಾರ್" ಅಂದರು ನನ್ನ ಗಂಡ, ಥಟ್ಟನೆ.

ಇಲ್ಲಿ ಒಂದು ವಿಷಯ ಹೇಳಬೇಕು. ಹವ್ಯಾಸ ಇರುವ ಮನೆಯಲ್ಲಿ ಪ್ರತಿ ವಸ್ತುವಿಗೂ ಎರಡು ಬೆಲೆ ಇರುತ್ತದೆ. ಒಂದು ಅಂಗಡಿಯವನಿಗೆ ಕೊಟ್ಟದ್ದು, ಇನ್ನೊಂದು ಮನೆಯಲ್ಲಿ ಹೇಳಿದ್ದು. ಹಳೇ ಕ್ಯಾಮೆರಾ ಕೂಡಿಸುವವರು, ನಾಣ್ಯ ಕೂಡಿಸುವವರು, ಮೀನಿನ ತೊಟ್ಟಿ ಇಟ್ಟವರು, ಯಾರನ್ನಾದರೂ ಮನೆಯವರು ಇಲ್ಲದಾಗ ಕೇಳಿ ನೋಡಿ. ನನ್ನ ಅಡೀನಿಯಂನ ಮನೆ ಬೆಲೆ 300. ಅಂಗಡಿ ಬೆಲೆ 2,200. ಆ ಬಿಲ್ಲು ಅಕ್ಕಿ ಡಬ್ಬದ ಅಡಿಯ ಪೇಪರಿನ ಕೆಳಗೆ ಇತ್ತು. ಅದನ್ನು ತಂದು ತೋರಿಸಿದರೆ ಕಳ್ಳ ಸಿಗುತ್ತಾನೋ ಇಲ್ಲವೋ, ನಾನಂತೂ ಖಂಡಿತ ಸಿಕ್ಕಿಬೀಳುತ್ತಿದ್ದೆ.

ಸುಮ್ನೆ ನಿಂತಿದ್ದೆ. ಪೊಲೀಸರು ಕಾನೂನು ಬಿಡಿಸಿ ಹೇಳಿದರು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ 303ನೇ ಕಲಂ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಕಳ್ಳ ಸಿಕ್ಕಿ, ಅದು ಅವನ ಮೊದಲ ಶಿಕ್ಷೆಯಾಗಿ, ಮಾಲನ್ನು ವಾಪಸ್ ಕೊಟ್ಟನೋ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಸಮುದಾಯ ಸೇವೆ ಅಂದರೆ ಏನು ಮಾಡಿಸುತ್ತಾರೆ ಅಂತ ಯೋಚಿಸುತ್ತಾ ಬಂದೆ. ಪಾರ್ಕಿನ ಗಿಡ ನೋಡಿಕೋ ಅಂತ ಬಿಟ್ಟರೆ ಪಾರ್ಕಿನ ಗತಿ?

ಆಮೇಲೆ ಒಂದು ರಾತ್ರಿ, ನಿದ್ದೆ ಬಾರದೆ ಹಳೇ ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಬೆರಳಾಡಿಸುತ್ತಿದ್ದೆ. ಸೋಫಾ, ಸ್ಕೂಟರು, ಒಂದೇ ಸಲ ಉಪಯೋಗಿಸಿದ ಟ್ರೆಡ್‌ಮಿಲ್ಲು. ನಡುವೆ ನನ್ನ ಗಿಡ. ಬಿಳಿ ಪಿಂಗಾಣಿ ಕುಂಡ, ಮೇಲೆಲ್ಲ ಬಿಳಿ ಕಲ್ಲು, ಕೊಂಬೆಗೆ ಕೆಂಪು ರಿಬ್ಬನ್ನು. ಆದರೂ ಎಡಗಡೆ ಕೊಂಬೆ ಕತ್ತರಿಸಿದ ಗಾಯ, ಅದರ ಕೆಳಗೆ ಬೆಕ್ಕು ಉಗುರು ಉಜ್ಜಿ ಮಾಡಿದ ಮೂರು ಗೀರು. ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಕೆಳಗೆ ಹೀಗೆ ಬರೆದಿತ್ತು: "ಥೈಲ್ಯಾಂಡ್ ಲಕ್ಕಿ ಬೋನ್ಸಾಯ್. ವಾಸ್ತುವಿಗೆ ಉತ್ತಮ. ದಿನಾ ಎರಡು ಹೊತ್ತು ನೀರು ಹಾಕಿ ಪ್ರೀತಿಯಿಂದ ಸಾಕಿದ್ದು. 6,500. ಚೌಕಾಸಿ ಇಲ್ಲ."

ಮೊದಲು ಬಂದದ್ದು ಸಿಟ್ಟಲ್ಲ, ಹೆಮ್ಮೆ. ಇಷ್ಟು ವರ್ಷದಲ್ಲಿ ಆ ಗಿಡಕ್ಕೆ ಸರಿಯಾದ ಬೆಲೆ ಕಟ್ಟಿದ ಮೊದಲ ಮನುಷ್ಯ ಇವನೇ. ಆಮೇಲೆ "ದಿನಾ ಎರಡು ಹೊತ್ತು ನೀರು" ಅನ್ನುವುದು ತಲೆಗೆ ಹತ್ತಿತು. ಎದೆ ಧಸಕ್ ಅಂತು. ಅಡೀನಿಯಂಗೆ ನೀರು ಜಾಸ್ತಿಯಾದರೆ ಬುಡ ಒಳಗಿಂದ ಕೊಳೆಯುತ್ತದೆ. ಹೊರಗೆ ಗೊತ್ತಾಗುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

2019ರಲ್ಲಿ ಜಪಾನಿನ ಸೈತಾಮಾ ಪ್ರಾಂತ್ಯದ ಒಂದು ತೋಟದಿಂದ ಏಳು ಬೋನ್ಸಾಯ್ ಕದ್ದಿದ್ದರು. ಅದರಲ್ಲಿ ಒಂದು ಜುನಿಪರಿಗೆ 400 ವರ್ಷ ವಯಸ್ಸು. ತೋಟದ ಒಡತಿ ಕಳ್ಳರನ್ನು ಶಪಿಸಲಿಲ್ಲ. ನೀರಿಲ್ಲದೆ ಅದು ವಾರ ಕೂಡ ಬದುಕದು, ದಯವಿಟ್ಟು ನೀರು ಹಾಕಿ ಅಂತ ಕೇಳಿಕೊಂಡರು. ಓದಿ ಆಗ ಕಣ್ಣು ಒದ್ದೆಯಾಗಿತ್ತು. ನನ್ನ ಗ್ರಹಚಾರಕ್ಕೆ ನಾನು ಬೇಡಿಕೊಳ್ಳಬೇಕಾದದ್ದು ಅದರ ಉಲ್ಟಾ. ಕದ್ದದ್ದು ಕದ್ದೆ, ಇನ್ನು ಪ್ರೀತಿ ಸಾಕು ಮಾರಾಯ.

ಮತ್ತೆ ಸ್ಟೇಷನ್ನು. ಈಗ ಬೆಲೆ ಐದು ಸಾವಿರ ದಾಟಿತಲ್ಲ ಅಂತ ಜಾಹೀರಾತು ತೋರಿಸಿದೆ. "ಮಾರುವವನು ಹೇಳಿದ್ದು ಬೆಲೆ ಅಲ್ಲಮ್ಮ. ಬಿಲ್ ಇದೆಯಾ?" ಅಂದರು. ಗಂಡ ನನ್ನ ಮುಖ ನೋಡಿದರು. "ಮುನ್ನೂರು ರೂಪಾಯಿಗೆ ಯಾರು ಸಾರ್ ಬಿಲ್ ಕೊಡ್ತಾರೆ" ಅಂತ ಅವರೇ ಉತ್ತರ ಕೊಟ್ಟುಬಿಟ್ಟರು. ಪಾಪ, ಪೊಲೀಸರು ಒಂದು ಬುದ್ಧಿ ಹೇಳಿ ಕಳಿಸಿದರು. ಮುಂಗಡ ಅಂತ ಒಂದು ರೂಪಾಯಿಯನ್ನೂ ಫೋನಿನಲ್ಲಿ ಹಾಕಬೇಡಿ, ಜನ ಓಡಾಡುವ ಜಾಗಕ್ಕೇ ಕರೆಸಿ, ಜಗಳ ಬೇಡ, ಹೆಚ್ಚುಕಮ್ಮಿ ಆದರೆ 112ಕ್ಕೆ ಫೋನ್ ಮಾಡಿ.

ಕೊಳ್ಳುವವಳ ಹಾಗೆ ಮೆಸೇಜ್ ಹಾಕಿದೆ. ಬನಶಂಕರಿ ಬಿಡಿಎ ಕಾಂಪ್ಲೆಕ್ಸ್ ಮುಂದೆ ಬರುತ್ತೇನೆ ಅಂದ. ಗಂಡನಿಗೆ ಆಫೀಸು. ನನ್ನ ಜೊತೆ ಹೊರಟವರು ಅತ್ತೆ. ನೀವು ಸುಮ್ನೆ ನನ್ನ ಪಕ್ಕ ನಿಂತಿರಿ, ಮಾತಾಡಬೇಡಿ ಅಂತ ಆಟೋದಲ್ಲಿ ಉದ್ದಕ್ಕೂ ಹೇಳಿಕೊಟ್ಟೆ. ತಲೆಯಾಡಿಸಿದರು.

ಹುಡುಗ ಸ್ಕೂಟರಿನಲ್ಲಿ ಕಾಲುಗಳ ನಡುವೆ ಗಿಡ ಇಟ್ಟುಕೊಂಡು ಬಂದ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬಹುದು. ಕುಂಡ ಕೆಳಗಿಟ್ಟು, "ಇಂಪೋರ್ಟೆಡ್ ಆಂಟಿ" ಅಂದ.

"ಎಷ್ಟಪ್ಪಾ?" ಅಂದರು ಅತ್ತೆ.

ಅಲ್ಲಿಗೆ ನನ್ನ ಪಾಠವೆಲ್ಲ ನೀರಲ್ಲಿ ಹೋಮ. ಗಾಂಧಿಬಜಾರಿನಲ್ಲಿ ಅರ್ಧ ಶತಮಾನ ಚೌಕಾಸಿ ಮಾಡಿದ ನಾಲಿಗೆ ಅದು. ಬೆಲೆ ಕೇಳಿಸಿದರೆ ತಾನಾಗಿಯೇ ಎದ್ದು ಕೂರುತ್ತದೆ. ಆರೂವರೆ ಸಾವಿರ ಅಂತ ಅವನು ಹೇಳಿದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇದಕ್ಕಾ? ಎಲೆ ನೋಡು, ಹಳದಿ ತಿರುಗಿದೆ. ಹೂವೇ ಇಲ್ಲ. ಹೊಟ್ಟೆ ಬೇರೆ ಊದಿಕೊಂಡಿದೆ, ಏನು ರೋಗವೋ ಏನೋ. ಐನೂರಕ್ಕೆ ಕೊಡು."

ನನ್ನ ಗಿಡವನ್ನು ನನ್ನೆದುರೇ ಆಡಿಕೊಳ್ಳುತ್ತಿದ್ದಾರೆ. ಬಾಯಿ ಬಿಡುವ ಹಾಗಿಲ್ಲ. ಅವನು ಐದು ಸಾವಿರಕ್ಕೆ ಇಳಿದ. ಅತ್ತೆ ಆರುನೂರಕ್ಕೆ ಏರಿದರು. ಅವನು ಹೊಟ್ಟೆ ದಪ್ಪ ಇದ್ದಷ್ಟೂ ಬೆಲೆ ಜಾಸ್ತಿ ಅಂದ. ಹಾಗಾದ್ರೆ ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂದರು. ನಾನು ಸೆರಗು ಎಳೆದೆ, ಮೊಣಕೈಯಲ್ಲಿ ತಿವಿದೆ. ಯಾರು ಕೇಳಬೇಕು? ವ್ಯಾಪಾರ 1,400ರ ಹತ್ತಿರ ಬಂದಾಗ ಹೂ ಮಾರುವ ಹೆಂಗಸೂ ಸೇರಿ ಸುತ್ತ ನಾಲ್ಕು ಜನ ನಿಂತಿದ್ದರು. ಅತ್ತೆ ಯಾರ ಪರ ಅಂತ ನನಗೇ ಅನುಮಾನ ಬರತೊಡಗಿತು.

ಆಗ ಅವರು ಮೊಣಕಾಲೂರಿ ಕೂತರು. ಬಿಳಿ ಕಲ್ಲುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿದರು. ಕೆಳಗಿನ ಮಣ್ಣು ಪಿಚಪಿಚ ಅನ್ನುವಷ್ಟು ಒದ್ದೆ ಇತ್ತು. ಉಗುರಿನಿಂದ ಅದನ್ನು ಕೆರೆದರು. ಕವಲೊಡೆದ ಎರಡು ಬೇರುಗಳ ನಡುವೆ ತೊಗಟೆ ತುಟಿ ಮಾಡಿಕೊಂಡಿತ್ತು. ಅದರೊಳಗಿಂದ ನೀಲಿಯ ಒಂದು ಚೂರು ಬಿಸಿಲಿಗೆ ಮಿಂಚಿತು.

"ಥೈಲ್ಯಾಂಡಿಂದ ಬಂತು ಅಂದ್ಯಲ್ಲಪ್ಪಾ" ಅಂದರು ಅತ್ತೆ ತಣ್ಣಗೆ. "ಅಲ್ಲಿಗೆ ನನ್ನ ಮೊಮ್ಮಗನ ಗೋಲಿ ಹೆಂಗೆ ಹೋಯ್ತು?"

ನಾನು ಫೋನ್ ತೆಗೆದು ಕುಂಡ ಬದಲಿಸಿದ ದಿನದ ಫೋಟೋ ತೋರಿಸಿದೆ. ಅದೇ ಬೇರು, ಅದೇ ಗೋಲಿ, ಪಕ್ಕದಲ್ಲಿ ಅಳುಮೋರೆಯ ಮಗ. ಹುಡುಗನ ಮುಖದ ಬಣ್ಣ ಇಳಿಯಿತು. ತಳ್ಳುಗಾಡಿಯವನ ಹತ್ತಿರ 800 ಕೊಟ್ಟು ತಗೊಂಡೆ ಆಂಟಿ, ದೇವರಾಣೆ ಅಂದ. ಹಣ ಕಳಿಸಿದ್ದನ್ನು ಫೋನಿನಲ್ಲಿ ತೋರಿಸಿದ. ನಿಜ ಅಂತಲೇ ಅನ್ನಿಸಿತು. ಎಂಟುನೂರರದ್ದಕ್ಕೆ ಆರೂವರೆ ಸಾವಿರ ಹೇಳಿದ ಅಂತ ಅತ್ತೆಗೆ ಕಳ್ಳತನಕ್ಕಿಂತ ಅದೇ ದೊಡ್ಡ ಅಪರಾಧವಾಗಿ ಕಂಡಿತು. ಅದಕ್ಕೇ ಹೆಚ್ಚು ಬೈದರು. ಗಿಡ ತಗೊಂಡು ಹೋಗಿ, ಪೊಲೀಸಿಗೆ ಮಾತ್ರ ಹೇಳಬೇಡಿ ಅಂತ ಕೈಮುಗಿದ.

ಹಾಗೆ ಎತ್ತಿಕೊಂಡು ಬರಬಹುದಿತ್ತು. ಅತ್ತೆ ಒಪ್ಪಲಿಲ್ಲ. "ಗಿಡ ನಮ್ಮದು. ಕುಂಡ ಅವನದ್ದು. ಇನ್ನೊಬ್ಬರ ಋಣ ನಮಗೆ ಬೇಡ. ಕುಂಡಕ್ಕೆ ಎಷ್ಟಪ್ಪಾ?" ಮುನ್ನೂರೈವತ್ತು ಅಂದ. ಇನ್ನೂರಕ್ಕೆ ಮುಗಿಸಿದರು. ಬಿಳಿ ಕಲ್ಲು ಅದರಲ್ಲೇ ಸೇರಿತು.

ಮನೆಗೆ ಬಂದು ಗಿಡವನ್ನು ಕುಂಡದಿಂದ ಕಿತ್ತೆ. ಒಂದು ಬದಿ ಮೆತ್ತಗಾಗಿತ್ತು. ಕೊಳೆತದ್ದನ್ನು ಚಾಕುವಿನಿಂದ ಗಟ್ಟಿ ಭಾಗ ಸಿಗುವವರೆಗೂ ಕೆತ್ತಿ, ಶಿಲೀಂಧ್ರನಾಶಕದ ಪುಡಿ ಬಳಿದು, ಬೇರು ಮೇಲಾಗಿ ನೆರಳಿನಲ್ಲಿ ತೂಗುಹಾಕಿದೆ. ಗಾಯ ಒಣಗುವ ತನಕ ಮಣ್ಣೂ ಇಲ್ಲ, ನೀರೂ ಇಲ್ಲ. ಅಡೀನಿಯಂ ಆದ್ದರಿಂದ ತಡೆದುಕೊಂಡಿತು. ಈಗ ಚಿಗುರಿದೆ. ಗಂಡ ಮಾತ್ರ ಇಡೀ ಸಂಜೆ ಒಂದೇ ಪ್ರಶ್ನೆ: ಮುನ್ನೂರರ ಗಿಡಕ್ಕೆ ಆರೂವರೆ ಸಾವಿರ ಹೇಳುವ ಧೈರ್ಯ ಅವನಿಗೆ ಹೇಗೆ ಬಂತು? ಆನ್‌ಲೈನ್ ಜನ ಏನು ಬೇಕಾದರೂ ಹೇಳುತ್ತಾರೆ ಅಂದೆ. ಅಕ್ಕಿ ಡಬ್ಬದ ಪೇಪರು ಬದಲಾಯಿಸಿಯೂ ಆಯಿತು.

ಅತ್ತೆಯ ಮಾತಿನ ಧಾಟಿಯೇ ಈಗ ಬೇರೆ. ಆ ಗಿಡ ಡೊಳ್ಳುಹೊಟ್ಟೆ ಅಲ್ಲ, ಥೈಲ್ಯಾಂಡ್ ಬೋನ್ಸಾಯ್. ಕಳ್ಳತನದ ವಿಷಯವೂ ಅವರ ಕಥೆಯಿಂದ ಮೆಲ್ಲಗೆ ಬಿದ್ದುಹೋಗಿದೆ. ಭಜನೆಗೆ ಬಂದವರಿಗೆಲ್ಲ ಅವರು ಹೇಳುವುದು ಇಷ್ಟೇ: ಆರೂವರೆ ಸಾವಿರದ ಗಿಡವನ್ನು ಬನಶಂಕರಿಯಲ್ಲಿ ಇನ್ನೂರಕ್ಕೆ ತಂದೆ, ಕುಂಡ ಸಮೇತ. ಮೂರನೇ ಕ್ರಾಸಿನವರು ತಮಗೂ ಒಂದು ಕೊಡಿಸಿ ಅಂತ ದುಂಬಾಲು ಬಿದ್ದಿದ್ದಾರೆ. ನಂಬರ್ ನನ್ನ ಹತ್ತಿರ ಇದೆಯಲ್ಲ ಅಂತ ಅತ್ತೆ ದಿನಾ ಫೋನ್ ಮಾಡುತ್ತಿದ್ದಾರೆ. ಹುಡುಗ ಎತ್ತುತ್ತಿಲ್ಲ.